ಬಿದ್ದಲ್ಲೇ ಕೂರುವ ಚೆಂಡು: ಜಗ್ಲಿಂಗ್ ಕಲಿಯುವವರ ಮೂರರ ಸೆಟ್ ಹೇಗಿದೆ?

ಜಗ್ಲಿಂಗ್ ಎಂದರೆ ಹಲವು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುತ್ತಲೇ ಇರುವ ಆಟ. ಅದರ ಚೆಂಡು ಕೊಳ್ಳುವ ಮುನ್ನ ಚೆಂಡನ್ನು ಸೊಂಟದೆತ್ತರದಿಂದ ಒಮ್ಮೆ ನೆಲಕ್ಕೆ ಬಿಡಿ. ಧೊಪ್ಪೆಂದು ಬಿದ್ದು ಅಲ್ಲೇ ಕೂತರೆ ಕೊಳ್ಳಬಹುದು. ಒಂದು ಗೇಣು ಉರುಳಿದರೂ ಸಹಿಸಬಹುದು. ಪುಟಿದು ಸೋಫಾದ ಕೆಳಗೆ ಹೊಕ್ಕರೆ ವಾಪಸ್ ಇಟ್ಟುಬಿಡಿ.

ಕೆಲಸದ ನಡುವೆ ಆಟಕ್ಕೆ ಹತ್ತು ನಿಮಿಷ ಸಿಕ್ಕಿತು ಎಂದುಕೊಳ್ಳಿ. ಹೊಸಬರ ಕೈಯಿಂದ ಅಷ್ಟರಲ್ಲಿ ಮೂವತ್ತು ಸಲವಾದರೂ ಚೆಂಡು ಜಾರುತ್ತದೆ. ಪ್ರತಿ ಸಲ ಅದರ ಹಿಂದೆ ಹೋಗಿ, ಬಗ್ಗಿ, ಎತ್ತಿಕೊಂಡು ಬರಲು ಹತ್ತು ಸೆಕೆಂಡ್ ಹಿಡಿದರೂ ಐದು ನಿಮಿಷ ಹೋಯಿತು. ಅರ್ಧ ಆಟ, ಅರ್ಧ ಹೆಕ್ಕುವ ಚಾಕರಿ. ದೊಡ್ಡವರ ಆಟ ನಿಂತುಹೋಗುವುದು ಹೆಚ್ಚಾಗಿ ಇಂಥ ಕಡೆಯೇ. ಬಿಡುವು ಎಲ್ಲೋ ಚೂರುಪಾರು ಸಿಗುತ್ತದೆ. ಬಟ್ಟೆ ಬದಲಿಸುವುದು, ಜೊತೆಗಾರರನ್ನು ಹೊಂದಿಸುವುದು, ಜಾಗ ಹುಡುಕುವುದು ಅದನ್ನು ತಿಂದುಹಾಕುತ್ತವೆ. ಮೂರು ಚೆಂಡಿಗೆ ಇದ್ಯಾವುದೂ ಬೇಡ. ಹಾಗಾಗಿ ಚೆಂಡೇ ಸಮಯ ತಿನ್ನುವಂತಿದ್ದರೆ ಇಡೀ ಲೆಕ್ಕ ತಲೆಕೆಳಗು.

ಕಲಿಯುವವರಿಗೆಂದು ಮಾರುವ ಸೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಕಾಳು ತುಂಬಿದ ಮೂರು ಮೆತ್ತನೆಯ ಚೆಂಡು, ಒಂದು ದಾರದ ಚೀಲ, ಒಂದು ಸೂಚನಾ ಹಾಳೆ. ಚೆಂಡು 62ರಿಂದ 70 ಮಿಲಿಮೀಟರ್ ದಪ್ಪ, 110ರಿಂದ 130 ಗ್ರಾಂ ತೂಕ ಇದ್ದರೆ ದೊಡ್ಡವರ ಕೈಗೆ ಸರಿ. ಇದಕ್ಕಿಂತ ಹಗುರಾದರೆ ಅಂಗೈಗೆ ಬಂದದ್ದೇ ತಿಳಿಯುವುದಿಲ್ಲ. 150 ಗ್ರಾಂ ದಾಟಿದರೆ ಹತ್ತು ನಿಮಿಷಕ್ಕೇ ಮಣಿಕಟ್ಟು ಸೋಲುತ್ತದೆ. ಒಂದು ಕೈಯಲ್ಲಿ ಎರಡು ಚೆಂಡು ಹಿಡಿದು ನೋಡಿ. ಒಂದನ್ನು ಬಿಟ್ಟರೂ ಇನ್ನೊಂದು ಅಲುಗಬಾರದು. ಅಲುಗಿದರೆ ಒಂದು ಅಳತೆ ಕಡಿಮೆಯದು ತೆಗೆದುಕೊಳ್ಳಿ.

ತುಂಬುವಿಕೆಯಲ್ಲೇ ಅರ್ಧ ಗುಣ ಅಡಗಿದೆ. ಬಿಗಿಯಾಗಿ ತುಂಬಿದ್ದು ಉರುಳುತ್ತದೆ. ಸಡಿಲಾಗಿ ತುಂಬಿದ್ದು ಗಾಳಿಯಲ್ಲೇ ಆಕಾರ ಬದಲಿಸಿ ಬೆರಳ ಸಂದಿನಲ್ಲಿ ಜೋತುಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರ್‌ನಷ್ಟು ತಗ್ಗಿ, ಆ ತಗ್ಗು ಹಾಗೇ ಉಳಿಯಬೇಕು. ಒಳಗೆ ನವಣೆಯಂಥ ಸಣ್ಣ ಕಾಳಿದ್ದರೆ ಕೈಗೆ ಹಿತ, ಆದರೆ ನೀರು ತಾಗಿತೋ ಮುಗ್ಗಲು ವಾಸನೆ, ಹುಳು. ಪ್ಲಾಸ್ಟಿಕ್ ಮಣಿಯದನ್ನು ಒರೆಸಿ ತೊಳೆಯಬಹುದು. ಕೊಂಚ ಜಾರು ಸ್ವಭಾವ, ಅಷ್ಟೇ. ಹೊದಿಕೆ ಎಂಟು ತುಂಡಿನ ಸ್ಯೂಡ್ (ನವಿರು ಮೈಯ ಚರ್ಮದಂಥದ್ದು) ಆದರೆ ಹಿಡಿತ ಚೆನ್ನ. ನಾಲ್ಕು ತುಂಡಿನ ಅಗ್ಗದವು ಮೂಲೆ ಮೂಲೆಯಾಗಿ ಕೂರುತ್ತವೆ, ಹೊಲಿಗೆಯ ಮೇಲೆ ಎಳೆತವೂ ಜಾಸ್ತಿ.

ಬಣ್ಣದ ವಿಷಯದಲ್ಲಿ ಜಂಬ ಬೇಡ. ಮೂರಕ್ಕೆ ಮೂರು ಬೇರೆ, ಗಾಢ ಬಣ್ಣ ಇರಲಿ. ಬಿಳಿ ಗೋಡೆಯೆದುರು ಬಿಳಿ ಚೆಂಡು ಮಾಯ. ಸಂಜೆ ಬೆಳಕಿನಲ್ಲಿ ಕಪ್ಪು ಚೆಂಡೂ ಅಷ್ಟೇ.

ಮನೆಯಲ್ಲಿರುವ ಟೆನಿಸ್ ಚೆಂಡು ಸಾಲದೇ? ಸಾಲದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ತೂಕ 56ರಿಂದ 59.4 ಗ್ರಾಂ, ಅಂದರೆ ಬೇಕಾದ್ದರ ಅರ್ಧ. ಮೇಲಾಗಿ ಅದನ್ನು ಮಾಡಿರುವುದೇ ಪುಟಿಯಲು. ಅಂಗೈಗೆ ತಾಗಿದೊಡನೆ ಚಿಮ್ಮಿ ಹೋಗುತ್ತದೆ. ವೇದಿಕೆಯ ಕಲಾವಿದರು ಬಳಸುವ ನುಣುಪಾದ ಟೊಳ್ಳು ಚೆಂಡು ನೋಡಲು ಸೊಗಸು, ಕಲಿಯುವವರಿಗೆ ಕಾಟ: ಬಿದ್ದರೆ ಕೋಣೆಯ ಆಚೆ ತುದಿಗೆ.

ಇನ್ನು ಸೂಚನಾ ಹಾಳೆ. ಇಂಥ ಸೆಟ್‌ಗಳ ಅತಿ ಕಳಪೆ ಭಾಗ ಇದೇ. ಡಬ್ಬಿಯ ಮೇಲೆ ನಗುವ ವಿದೂಷಕ, ತಲೆಯ ಮೇಲೆ ಕಮಾನಿನಂತೆ ಚೆಂಡುಗಳು, ಎಲ್ಲವೂ ಒಂದೇ ದಿಕ್ಕಿಗೆ ಸುತ್ತುತ್ತಿರುತ್ತವೆ. ಅದು ಶವರ್ ಎಂಬ ಬೇರೆಯೇ ವಿನ್ಯಾಸ, ಮೊದಲು ಕಲಿಯಬೇಕಾದ್ದಕ್ಕಿಂತ ಬಹಳ ಕಷ್ಟದ್ದು. ಶುರು ಮಾಡಬೇಕಾದ್ದು ಕ್ಯಾಸ್ಕೇಡ್‌ನಿಂದ: ಎಡಗೈಯದು ಬಲಗೈಗೆ, ಬಲಗೈಯದು ಎಡಗೈಗೆ, ಮಲಗಿಸಿದ ಎಂಟರ ಹಾಗೆ.

ಒಂದೇ ಚೆಂಡಿನಿಂದ ಆರಂಭಿಸಿ. ಮೊಣಕೈ ಪಕ್ಕೆಗೆ ಹತ್ತಿರ, ಮುಂಗೈ ನೆಲಕ್ಕೆ ಸಮ. ಹೊಟ್ಟೆಯ ಕಡೆಯಿಂದ ಎಸೆದು, ಕಣ್ಣಿನ ಮಟ್ಟಕ್ಕೆ ಏರಿಸಿ, ಇನ್ನೊಂದು ಕೈಯ ಹೊರಬದಿಯಲ್ಲಿ ಹಿಡಿಯಿರಿ. ದೃಷ್ಟಿ ಚೆಂಡು ತುದಿ ಮುಟ್ಟುವ ಜಾಗದಲ್ಲಿರಲಿ, ಕೈ ನೋಡಬೇಡಿ. ಆಮೇಲೆ ಎರಡು. ಮೊದಲನೆಯದು ತುದಿ ಮುಟ್ಟಿದಾಗ ಅದರ ಅಡಿಯಿಂದ ಎರಡನೆಯದನ್ನು ಎಸೆಯಿರಿ. ಎಸೆ, ಎಸೆ, ಹಿಡಿ, ಹಿಡಿ: ಬಾಯಲ್ಲಿ ಹೇಳಿಕೊಂಡರೆ ಲಯ ಕೂರುತ್ತದೆ. ಎಡಗೈಯಿಂದ ಶುರು ಮಾಡಿ ಅಷ್ಟೇ ಸಲ, ಬಲಗೈಯಿಂದ ಶುರು ಮಾಡಿ ಅಷ್ಟೇ ಸಲ. ಮೂರಕ್ಕೆ ಬಂದಾಗ ಎರಡು ಚೆಂಡಿರುವ ಕೈಯೇ ಮೊದಲು ಎಸೆಯಬೇಕು. ಮೂರು ಎಸೆತ, ಮೂರು ಹಿಡಿತ, ನಿಲ್ಲಿ. ಅದು ಹತ್ತರಲ್ಲಿ ಎಂಟು ಸಲ ಕೂಡಿಬಂದ ಮೇಲೆ ನಾಲ್ಕನೆಯ ಎಸೆತ.

ಎಡವುವ ಕಡೆಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು, ಎರಡನೆಯ ಚೆಂಡನ್ನು ಎಸೆಯದೆ ಪಕ್ಕದ ಕೈಗೆ ದಾಟಿಸಿಬಿಡುವುದು. ಗಾಬರಿಯಾದ ಕೈ ಹತ್ತಿರದ ದಾರಿ ಹಿಡಿಯುತ್ತದೆ. ಒಂದು ಚೆಂಡು ಕೆಂಪು, ಇನ್ನೊಂದು ಹಳದಿ ಆಗಿದ್ದರೆ ಎರಡೂ ಒಂದೇ ಎತ್ತರಕ್ಕೆ ಹೋದವೇ ಎಂದು ನೋಡಿಕೊಳ್ಳುವುದು ಸುಲಭ. ಎರಡನೆಯದು, ಚೆಂಡು ಮುಂದಕ್ಕೆ ಮುಂದಕ್ಕೆ ಹೋಗಿ ಆಡುವವರೂ ಅದರ ಹಿಂದೆ ನಡೆಯುವುದು. ಬೆರಳತುದಿಯಿಂದ ಚಿಮ್ಮಿಸಿದಾಗ ಹೀಗಾಗುತ್ತದೆ. ಅಂಗೈಯ ನಡುವಿನಿಂದ ಮೇಲೆತ್ತಿ ಬಿಡಬೇಕು. ಗೋಡೆಗೆ ಮುಖ ಮಾಡಿ ಒಂದು ಮೊಳ ದೂರ ನಿಂತರೆ ಚೆಂಡೇ ತಪ್ಪು ತೋರಿಸುತ್ತದೆ. ಇಲ್ಲವಾದರೆ ಮಂಚದ ಎದುರು ನಿಲ್ಲಿ. ಬಿದ್ದದ್ದು ಹಾಸಿಗೆಯ ಮೇಲೆ, ಮೊಣಕಾಲಿನ ಎತ್ತರದಲ್ಲೇ ಸಿಗುತ್ತದೆ. ಬೆನ್ನಿಗೂ ಉಳಿತಾಯ, ಸಮಯಕ್ಕೂ.

ಮೂರನೆಯದು ಅವಸರ. ಹೊಸಬರಿಗೆ ಹೊತ್ತೇ ಸಿಗುತ್ತಿಲ್ಲ ಅನಿಸುತ್ತದೆ, ಅದಕ್ಕೆ ಇನ್ನೂ ಎತ್ತರ ಎಸೆಯುತ್ತಾರೆ. ಲಾಭ ಕಡಿಮೆ. ಕೈಯಿಂದ 50 ಸೆಂಟಿಮೀಟರ್ ಮೇಲೇರಿದ ಚೆಂಡು ಮರಳಲು ಸುಮಾರು 0.64 ಸೆಕೆಂಡ್, ಎತ್ತರ ದುಪ್ಪಟ್ಟು, ಒಂದು ಮೀಟರ್ ಆದರೂ 0.9 ಸೆಕೆಂಡ್ ಮಾತ್ರ. ಸಮಯ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು, ಅಷ್ಟರಲ್ಲಿ ಗುರಿ ಎಲ್ಲೆಲ್ಲೋ. ಅವಸರ ಬೇಡ ಎನ್ನಲು ಲೆಕ್ಕವೂ ಇದೆ. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಓಣಿಗಳಲ್ಲಿ ಒಂಟಿಗಾಲಿ ಸೈಕಲ್ ಹೊಡೆಯುತ್ತಿದ್ದ ಆಸಾಮಿ. ಜಗ್ಲಿಂಗ್‌ಗೂ ಒಂದು ಸಮೀಕರಣ ಬರೆದಿಟ್ಟಿದ್ದಾರೆ. ಚೆಂಡು ಗಾಳಿಯಲ್ಲಿರುವ ಹೊತ್ತು, ಕೈಯಲ್ಲಿರುವ ಹೊತ್ತು ಎರಡನ್ನೂ ಕೂಡಿ ಕೈಗಳ ಸಂಖ್ಯೆಯಿಂದ ಗುಣಿಸಿದರೆ ಒಂದು ಬದಿ, ಕೈ ಖಾಲಿ ಇರುವ ಹೊತ್ತು, ತುಂಬಿರುವ ಹೊತ್ತು ಎರಡನ್ನೂ ಕೂಡಿ ಚೆಂಡುಗಳ ಸಂಖ್ಯೆಯಿಂದ ಗುಣಿಸಿದರೆ ಇನ್ನೊಂದು, ಎರಡೂ ಸಮ. ಕಣ್ಣಿನ ಮಟ್ಟದ ಎಸೆತಕ್ಕೆ, ಅಂದರೆ ಅದೇ 0.64 ಸೆಕೆಂಡ್‌ಗೆ, ಮೂರು ಚೆಂಡು ಎರಡು ಕೈ ಎಂದು ಇದನ್ನು ಹಾಕಿ ನೋಡಿ. ಪ್ರತಿ ಚೆಂಡನ್ನು 0.3 ಸೆಕೆಂಡ್ ಹಿಡಿದಿಟ್ಟುಕೊಂಡರೂ ಕೈ ಇನ್ನೂ 0.33 ಸೆಕೆಂಡ್ ಖಾಲಿ. ಅಂದರೆ ಕೈ ಅರ್ಧ ಹೊತ್ತು ಸುಮ್ಮನಿರುತ್ತದೆ. ಓಡಬೇಕಾದ ಕೆಲಸವೇ ಅಲ್ಲ.

ಡಬ್ಬಿಯ ಮೇಲಿನ 'ಮೆದುಳು ಬೆಳೆಸುತ್ತದೆ' ಎಂಬ ಮಾತನ್ನು ಅರ್ಧ ಮಾತ್ರ ನಂಬಿ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಮೂರು ತಿಂಗಳು ಜಗ್ಲಿಂಗ್ ಕಲಿತವರ ಮೆದುಳಿನಲ್ಲಿ ಚಲನೆ ಗ್ರಹಿಸುವ ಭಾಗದ ಬೂದು ದ್ರವ್ಯ ಹೆಚ್ಚಿದ್ದು ಸ್ಕ್ಯಾನ್‌ನಲ್ಲಿ ಕಂಡಿದ್ದು ನಿಜ. ಆಟ ಬಿಟ್ಟು ಮೂರು ತಿಂಗಳಾದ ಮೇಲೆ ಆ ಹೆಚ್ಚಳ ಕುಗ್ಗಿದ್ದೂ ಅದೇ ವರದಿಯಲ್ಲಿದೆ. ಡಬ್ಬಿಯಲ್ಲಿ ಅದಕ್ಕೆ ಜಾಗ ಸಾಲದು, ಪಾಪ.

ಮೂರು ಚೆಂಡು ಒಮ್ಮೆ ಕೈಗೆ ಕೂತರೆ ನಾಲ್ಕನೆಯದಕ್ಕೆ ದುಡ್ಡು ಹಾಕಬೇಕಿಲ್ಲ. ಎಸೆತದ ಎತ್ತರಗಳನ್ನು ಅಂಕಿಯಲ್ಲಿ ಬರೆಯುವ ಸೈಟ್‌ಸ್ವಾಪ್ ಎಂಬ ಪದ್ಧತಿ ಇದೆ. 441, 531 ಹೀಗೆ. ಅಂಕಿಗಳ ಸರಾಸರಿ ಎಷ್ಟೋ ಅಷ್ಟು ಚೆಂಡು ಬೇಕು. ಎರಡಕ್ಕೂ ಸರಾಸರಿ ಮೂರು. ಇದೇ ಸೆಟ್‌ನಲ್ಲಿ ವರ್ಷಗಟ್ಟಲೆ ಆಡುವಷ್ಟು ಸರಕಿದೆ.

ಬಾಳಿಕೆಯಲ್ಲಿ ಮೊದಲು ಸೋಲುವುದು ಹೊಲಿಗೆ. ಕಾಳು ಒಂದೊಂದಾಗಿ ನೆಲದ ಮೇಲೆ ಕಂಡೊಡನೆ ದಪ್ಪ ನೈಲಾನ್ ದಾರದಿಂದ ನಾಲ್ಕು ಹೊಲಿಗೆ ಹಾಕಿ. ಒಂದು ದಿನ ತಡ ಮಾಡಿದರೆ ತೂಕ ಇಳಿದು, ಆ ಒಂದು ಚೆಂಡು ಮಾತ್ರ ಬೇರೆ ಥರ ಹಾರತೊಡಗುತ್ತದೆ. ಸ್ಯೂಡ್‌ಗೆ ಬೆವರು, ಧೂಳು ಹಿಡಿಯುತ್ತದೆ. ಒಣ ಬ್ರಷ್ ಸಾಕು, ನೀರು ಬೇಡ. ಮಹಡಿ ಮನೆಯಾದರೆ ರಾತ್ರಿ ಹೊತ್ತು ಕಾಲ ಬುಡಕ್ಕೆ ಕಂಬಳಿ ಹಾಸಿಕೊಳ್ಳಿ, 120 ಗ್ರಾಂ ಧೊಪ್ಪೆನ್ನುವುದು ಕೆಳಗಿನವರಿಗೆ ಚೆನ್ನಾಗಿ ಕೇಳಿಸುತ್ತದೆ. ಫ್ಯಾನ್ ಆರಿಸಿ. ಜೊತೆಗೆ ಬಂದ ದಾರದ ಚೀಲವನ್ನು ಪ್ರಯಾಣಕ್ಕೆ ಎತ್ತಿಡಿ; ಉಳಿದ ದಿನ ಚೆಂಡುಗಳು ಮೇಜಿನ ಮೇಲೆ, ಕೈಗೆ ಸಿಗುವಲ್ಲಿ ಇರಲಿ.