ಯುರೋಪಿಗೆ ಹೋಗುವವರೇ, ‘ಬಯೋಮೆಟ್ರಿಕ್ ರಿಜಿಸ್ಟ್ರೇಷನ್’ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಮೊದಲು ವಿಷಯ ಹೇಳಿಬಿಡುತ್ತೇನೆ, ಕಥೆ ಆಮೇಲೆ. ಯುರೋಪಿನ ಗಡಿಯಲ್ಲಿ ಹೊಸದಾಗಿ ಮುಖ, ಬೆರಳಚ್ಚು ತೆಗೆಯುವ ವ್ಯವಸ್ಥೆ ಬಂದಿದೆ ಅಲ್ವಾ, ಕಾಸರಗೋಡಿನಲ್ಲಿ ಕೂತುಕೊಂಡು ಯಾವ ಟ್ರಾವೆಲ್ಸಿನವರೂ ಅದಕ್ಕೆ ‘ಮುಂಚಿತ ರಿಜಿಸ್ಟ್ರೇಷನ್’ ಮಾಡಿಸಿಕೊಡಲು ಆಗುವುದಿಲ್ಲ. ಆಗುವುದೇ ಇಲ್ಲ. ಅದಕ್ಕೆ ಫೀಸು ಕೂಡ ಇಲ್ಲ. ನಾನು ₹9,000 ಕೊಟ್ಟೆ. ನನಗೆ ₹4,500, ಹೆಂಡತಿಗೆ ₹4,500. 31 ವರ್ಷ ಮಕ್ಕಳಿಗೆ ‘ಓದದೆ ಸಹಿ ಹಾಕಬೇಡಿ’ ಅಂತ ಹೇಳಿದ ಮೇಷ್ಟ್ರು ನಾನೇ. ನಗುವವರು ನಗಿ.

ಮಗಳು, ಅಳಿಯ ಇರುವುದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಮೊಮ್ಮಗಳನ್ನು ನಾವಿನ್ನೂ ಮೊಬೈಲಿನಲ್ಲಿ ಮಾತ್ರ ನೋಡಿದ್ದೆವು. ವೀಸಾದ ಕೆಲಸ ಮಗಳೇ ಅಲ್ಲಿಂದ ಮಾಡಿದಳು. ನಾವು ಕೊಚ್ಚಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು, ಒಬ್ಬರಿಗೆ 90 ಯುರೋ ಫೀಸು, ವೀಸಾ ಬಂತು. ಅಲ್ಲಿಯವರೆಗೆ ಎಲ್ಲವೂ ಸರಿ. ಟಿಕೆಟನ್ನೂ ಅವಳೇ ಮಾಡುತ್ತೇನೆ ಅಂದಳು. ನಾನೇ ಬೇಡ ಅಂದೆ. ನಮ್ಮ ಪೇಟೆಯಲ್ಲೇ ಪರಿಚಯದ ಹುಡುಗನ ಟ್ರಾವೆಲ್ಸ್ ಉಂಟು, ಏನಾದರೂ ಎಡವಟ್ಟಾದರೆ ಹೋಗಿ ಕೇಳಬಹುದು, ಅಂದೆ. ಈ ಮಾತನ್ನು ನನ್ನ ಹೆಂಡತಿ ಈಗ ದಿನಕ್ಕೆ ಎರಡು ಸಲ ನೆನಪು ಮಾಡಿಕೊಡುತ್ತಾಳೆ.

ಯಾಕೆ ನಂಬಿದೆ ಅಂತ ಕೇಳಿದರೆ ಗಡಿನಾಡಿನವರಿಗೆ ಮಾತ್ರ ಅರ್ಥವಾಗುವ ಉತ್ತರ ಕೊಡುತ್ತೇನೆ. ವಿಲೇಜ್ ಆಫೀಸಿಗೆ ಹೋದರೆ ಫಾರ್ಮು ಮಲಯಾಳದಲ್ಲಿ. ಕರೆಂಟು ಬಿಲ್ಲಿನ ಬಗ್ಗೆ ಕೇಳಲು ಹೋದರೆ ಉತ್ತರ ಮಲಯಾಳದಲ್ಲಿ. ನಮಗೂ ಮಲಯಾಳ ಬರುತ್ತದೆ, ಅದು ಬೇರೆ ವಿಷಯ. ಆದರೆ ಮೇಜಿನ ಆಚೆ ಕೂತವನು “ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ, ಅಕ್ಕನಿಗೆ ಫ್ಯಾನ್ ಹಾಕು ಮಾರಾಯ” ಅಂತ ಚೆಂದದ ಕನ್ನಡದಲ್ಲಿ ಹೇಳಿದರೆ ನಾವು ಅರ್ಧ ಕರಗಿಹೋಗುತ್ತೇವೆ. ನಾನು ಪೂರ್ತಿ ಕರಗಿದೆ.

ಟಿಕೆಟ್ ಹೀಗಿತ್ತು. ಬೆಂಗಳೂರಿನಿಂದ ಜರ್ಮನಿಯ ಒಂದು ದೊಡ್ಡ ವಿಮಾನ ನಿಲ್ದಾಣಕ್ಕೆ ಒಂದು, ಅಲ್ಲಿಂದ ಹ್ಯಾಂಬರ್ಗಿಗೆ ಇನ್ನೊಂದು. ಮಧ್ಯೆ 1 ಗಂಟೆ 50 ನಿಮಿಷ. ಎರಡೂ ಬೇರೆ ಬೇರೆ ಪಿಎನ್‌ಆರ್. ಇದರ ಅರ್ಥ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಒಂದೇ ಬುಕಿಂಗ್ ಆಗಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹಾಕಿಕೊಡುವುದು ರೂಢಿ. ಬೇರೆ ಬೇರೆ ಆದರೆ ತಪ್ಪಿದವರ ಕರ್ಮ. ಬ್ಯಾಗನ್ನೂ ನಾವೇ ತೆಗೆದು ಮತ್ತೆ ಕೊಡಬೇಕು. ಬೇರೆ ಬೇರೆ ಮಾಡಿದ್ದಕ್ಕೆ “ನಿಮಗೆ ₹6,000 ಉಳಿತು ಮಾಸ್ಟ್ರೇ” ಅಂದಿದ್ದ. ಉಳಿದದ್ದನ್ನು ಆಮೇಲೆ ನೋಡುವ.

ಮಗಳಿಗೆ ಟಿಕೆಟ್ ಫೋಟೋ ಕಳಿಸಿದಾಗ ಅವಳು, “ಅಪ್ಪಾ, ಟೈಮು ಕಡಿಮೆ ಅಲ್ವಾ? ಈಗ ಇಮಿಗ್ರೇಷನ್ ಕ್ಯೂ ಜಾಸ್ತಿ ಅಂತಾರೆ” ಅಂದಳು. ಆದರೆ ಅವಳಿಗೂ ನಿಖರವಾಗಿ ಗೊತ್ತಿರಲಿಲ್ಲ. ಅಲ್ಲಿ ವಾಸದ ಪರ್ಮಿಟ್ ಇರುವವರಿಗೆ ಈ ಹೊಸ ತಪಾಸಣೆ ಇಲ್ಲ, ಹಾಗಾಗಿ ಅವಳು ಅದನ್ನು ಅನುಭವಿಸಿದವಳಲ್ಲ. ನಾನು ಟ್ರಾವೆಲ್ಸಿನ ಹುಡುಗನನ್ನು ಕೇಳಿದೆ. ಅಲ್ಲೇ ನಾನು ಬಿದ್ದದ್ದು.

“ಹೌದು ಮಾಸ್ಟ್ರೇ, ಹೊಸ ರೂಲ್ ಬಂದಿದೆ, ಎಲ್ಲರ ಮುಖ, ಬೆರಳು ತೆಗೀತಾರೆ, ಎರಡು ಮೂರು ಗಂಟೆ ಕ್ಯೂ. ಆದ್ರೆ ನಾವು ಇಲ್ಲಿಂದಲೇ ಬಯೋಮೆಟ್ರಿಕ್ ಫಾಸ್ಟ್ ಟ್ರ್ಯಾಕ್ ರಿಜಿಸ್ಟ್ರೇಷನ್ ಮಾಡಿಸ್ತೇವೆ. ನೀವು ಸೀದಾ ಗೇಟು ದಾಟಿ ಹೋಗುದು.” ಕೈಯನ್ನು ಮೇಜಿನ ಮೇಲೆ ಹೀಗೆ ಜಾರಿಸಿ ತೋರಿಸಿದ, ಬೆಣ್ಣೆಯ ಮೇಲೆ ಚಾಕು ಜಾರಿದ ಹಾಗೆ. ಆ ಕೈ ನನಗೆ ಈಗಲೂ ಕಣ್ಣೆದುರು ಬರುತ್ತದೆ.

ಅವನು ಹೇಳಿದ್ದರಲ್ಲಿ ಅರ್ಧ ಸತ್ಯ. ಅದೇ ತೊಂದರೆ. ಹೊಸ ವ್ಯವಸ್ಥೆ ನಿಜ. ಇಇಎಸ್ ಅಂತ ಹೆಸರು, ಅಂದರೆ ಎಂಟ್ರಿ/ಎಕ್ಸಿಟ್ ಸಿಸ್ಟಮ್, ಒಳಗೆ ಬಂದದ್ದು ಹೊರಗೆ ಹೋದದ್ದು ಕಂಪ್ಯೂಟರಿನಲ್ಲಿ ದಾಖಲಿಸುವುದು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಶುರು ಮಾಡಿ 2026ರ ಏಪ್ರಿಲ್ 10ಕ್ಕೆ ಯುರೋಪಿನ 29 ದೇಶಗಳ ಗಡಿಯಲ್ಲೂ ಪೂರ್ತಿ ತರುವುದು ಎಂದು ನಿಗದಿ ಮಾಡಿದ್ದು. ಪಾಸ್‌ಪೋರ್ಟಿಗೆ ಠಪ್ಪೆಂದು ಸೀಲು ಹೊಡೆಯುತ್ತಿದ್ದರಲ್ಲ, ಅದರ ಬದಲಿಗೆ ಇದು. ಮೊದಲ ಸಲ ಹೋದಾಗ ಪ್ರತಿಯೊಬ್ಬರದ್ದೂ ಹೊಸದಾಗಿ ದಾಖಲು ಮಾಡಬೇಕು, ಹಾಗಾಗಿ ಕ್ಯೂ. ನಮ್ಮ ಹಾಗೆ ವೀಸಾ ತೆಗೆದವರ ಬೆರಳಚ್ಚು ವೀಸಾದ ಹೊತ್ತಿಗೇ ಅವರಲ್ಲಿ ಇರುತ್ತದೆ, ಗಡಿಯಲ್ಲಿ ಅದು ಹೊಂದುತ್ತದೋ ನೋಡಿ ಮುಖದ ಫೋಟೋ ತೆಗೆಯುತ್ತಾರೆ. ಇದು ಗಡಿಯಲ್ಲಿ, ನಾವೇ ಎದುರಿಗೆ ನಿಂತು ಆಗಬೇಕಾದ ಕೆಲಸ. ಕೆಲವು ಕಡೆಗಳಿಗೆ ಮುಂಚಿತವಾಗಿ ವಿವರ ತುಂಬುವ ಆಪ್ ಇದೆಯಂತೆ, ಅದೂ ಉಚಿತ, ಅದನ್ನು ತುಂಬಿದರೂ ಗಡಿಯಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ದುಡ್ಡು ಹೋದ ಮೇಲೆ.

ಎರಡು ದಿನ ಬಿಟ್ಟು ಕರೆದು ಎರಡು ಪ್ರಿಂಟ್ ಕೊಟ್ಟ. ನಮ್ಮ ಫೋಟೋ, ಪಾಸ್‌ಪೋರ್ಟ್ ನಂಬರು, ಒಂದು ಅಪ್ಲಿಕೇಶನ್ ನಂಬರು. ಲ್ಯಾಮಿನೇಷನ್ ಬೇರೆ ಮಾಡಿಸಿದ್ದ! ಲ್ಯಾಮಿನೇಷನ್ ಮಾಡಿದ ಕಾಗದ ಅಂದರೆ ನಮ್ಮ ಪ್ರಾಯದವರಿಗೆ ಒಂದು ಗೌರವ. ಇಂಗ್ಲಿಷಿನಲ್ಲಿ ಮೇಲೆ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ ಅಂತ ಇತ್ತು. ಅಷ್ಟು ಓದಿದೆ, ಮುಂದೆ ಓದಲಿಲ್ಲ. ಮುಂದೆ ಓದಲಿಲ್ಲ ನೋಡಿ.

ಬೆಂಗಳೂರಿನ ಇಮಿಗ್ರೇಷನ್ನಿನಲ್ಲಿ ಅದನ್ನು ತೋರಿಸಿದೆ. ಅಲ್ಲಿದ್ದವರು ನೋಡಿ, ಇದು ಅರ್ಜಿ ಹಾಕಿದ್ದು ಮಾತ್ರ, ಬಯೋಮೆಟ್ರಿಕ್ ಕೊಟ್ಟಿಲ್ಲ, ಸಾಮಾನ್ಯ ಕ್ಯೂಗೆ ಹೋಗಿ ಅಂದರು. ಆಗಲೇ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಫೋನ್ ಮಾಡಿದೆ. ರಾತ್ರಿ ಆದರೂ ತೆಗೆದ, ಅದನ್ನು ಒಪ್ಪಬೇಕು. “ಅದು ಇಲ್ಲಿಗಲ್ಲ ಮಾಸ್ಟ್ರೇ, ಅಲ್ಲಿಗೆ! ಜರ್ಮನಿಯಲ್ಲಿ ತೋರಿಸಿ. ಇಲ್ಲಿಯವರಿಗೆ ಎಂತ ಗೊತ್ತುಂಟು?” ನಾನು ಹೆಂಡತಿಗೆ ಹೇಳಿದೆ, ಹೌದು, ಇಲ್ಲಿಯವರಿಗೆ ಗೊತ್ತಿಲ್ಲ. ಅವನ ಮಾತನ್ನು ಅವನಿಗಿಂತ ಗಟ್ಟಿಯಾಗಿ ಹೇಳಿದೆ.

ಜರ್ಮನಿಯಲ್ಲಿ ಇಳಿದಾಗ ಮಧ್ಯಾಹ್ನ 1.35. ಮುಂದಿನ ವಿಮಾನ 3.25ಕ್ಕೆ. ಯುರೋಪಿನವರ ಸಾಲು ಸರಸರ ಹೋಗುತ್ತಿತ್ತು. ನಮ್ಮ ಸಾಲು ಹಾವಿನ ಹಾಗೆ ಸುತ್ತಿ ಸುತ್ತಿ ಹಿಂದಿನ ಕಾರಿಡಾರಿನವರೆಗೆ. ಪ್ರತಿಯೊಬ್ಬರನ್ನೂ ಕ್ಯಾಮೆರಾ ಎದುರು ನಿಲ್ಲಿಸುವುದು, ಕನ್ನಡಕ ತೆಗೆಯಿರಿ, ಮುಂದೆ ಬನ್ನಿ, ಹಿಂದೆ ಹೋಗಿ. ನಾನು ಲ್ಯಾಮಿನೇಷನ್ ಕಾಗದ ಹಿಡಿದು, ಎಕ್ಸ್‌ಕ್ಯೂಸ್ ಮಿ, ಎಕ್ಸ್‌ಕ್ಯೂಸ್ ಮಿ ಅಂತ ಸಾಲಿನ ಬದಿಯಿಂದ ಮುಂದೆ ಹೋದೆ. ಹೋಗುವಾಗ, ಪಾಪ, ಮಗುವನ್ನು ಎತ್ತಿಕೊಂಡು ನಿಂತಿದ್ದ ಒಬ್ಬಳನ್ನೂ ದಾಟಿ ಹೋದೆ. ನಮಗೆ ಫಾಸ್ಟ್ ಟ್ರ್ಯಾಕ್ ಉಂಟಲ್ಲ!

ಸಾಲು ನೋಡಿಕೊಳ್ಳುತ್ತಿದ್ದ ಪೊಲೀಸ್ ಹುಡುಗಿ ಕಾಗದ ತೆಗೆದುಕೊಂಡಳು. ನೋಡಿದಳು. ತಿರುಗಿಸಿ ನೋಡಿದಳು, ಹಿಂದೆ ಖಾಲಿ. ಆಮೇಲೆ ಕಾಗದದ ಮೇಲಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ, ಮೆಲ್ಲಗೆ, “ಸರ್, ದಿಸ್ ಈಸ್ ಇಂಡಿಯಾ” ಅಂದಳು. ಅವಳ ಬೆರಳಿದ್ದ ಜಾಗದಲ್ಲಿ ನಮ್ಮ ಅಶೋಕ ಸ್ತಂಭ. ನಮ್ಮದೇ ಗೃಹ ಸಚಿವಾಲಯದ ಹೆಸರು. ಅದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೇಗ ದಾಟಲು ಇರುವ ಯೋಜನೆಯ ಅರ್ಜಿ. ಟ್ರಸ್ಟೆಡ್ ಟ್ರಾವೆಲರ್ ಅಂತ, 2024ರಲ್ಲಿ ದೆಹಲಿಯಲ್ಲಿ ಶುರುವಾದದ್ದು, ಬೆಂಗಳೂರು, ಕೊಚ್ಚಿಗಳಲ್ಲೂ ಉಂಟು. ಜರ್ಮನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ಅರ್ಜಿ ಹಾಕಲು ಒಂದು ರೂಪಾಯಿಯೂ ಬೇಡ. ಬೆಂಗಳೂರಿನಲ್ಲಿ ಇಲ್ಲಿಗಲ್ಲ, ಜರ್ಮನಿಯಲ್ಲಿ ಇಲ್ಲಿಗಲ್ಲ. ಹಾಗಾದರೆ ಎಲ್ಲಿಗೆ? ₹9,000 ಎಲ್ಲಿಗೆ ಅಂತ ಗೊತ್ತಾಯಿತು.

ಕಾಗದ ಮಡಚಲೂ ಆಗುವುದಿಲ್ಲ, ಲ್ಯಾಮಿನೇಷನ್ ಅಲ್ವಾ. ಅದನ್ನು ಎದೆಗೆ ಹಿಡಿದುಕೊಂಡು ಅಷ್ಟೂ ಜನರ ಮುಂದೆ ವಾಪಸು ನಡೆದೆ. ಮಗು ಎತ್ತಿಕೊಂಡವಳು ನನ್ನ ಮುಖ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತು.

ಒಟ್ಟು 2 ಗಂಟೆ 20 ನಿಮಿಷ ನಿಂತೆವು. ನಮ್ಮ ಸರದಿ ಬಂದಾಗ ಹೆಂಡತಿಯ ಬೆರಳು ಮೆಷಿನ್ನಿಗೆ ಸಿಗಲಿಲ್ಲ. ಅಡಿಕೆ ಸುಲಿದು ಸುಲಿದು ಅವಳ ಬೆರಳ ತುದಿ ಸವೆದಿದೆ, ಊರಿನ ರೇಷನ್ ಅಂಗಡಿಯಲ್ಲೂ ಇದೇ ಗೋಳು. ಒಂದು ಸಲ, ಎರಡು ಸಲ, ಮೂರು ಸಲ ಕೆಂಪು ದೀಪ. ಆಗ ಇವಳು ಸುಮ್ನೆ ಬೆರಳನ್ನು ಎಣ್ಣೆ ಹಚ್ಚಿದ ತಲೆಕೂದಲಿಗೆ ಎರಡು ಸಲ ಉಜ್ಜಿ ಇಟ್ಟಳು, ರೇಷನ್ ಅಂಗಡಿಯವನು ಹೇಳಿಕೊಟ್ಟ ಉಪಾಯ. ಹಸಿರು ದೀಪ ಬಂತು. ಒಳಗಿದ್ದ ಆಫೀಸರ್ ನಕ್ಕೇಬಿಟ್ಟ. ಆ ದಿನ ಕೆಲಸಕ್ಕೆ ಬಂದದ್ದು ಅದೊಂದೇ, ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ.

ಹೊರಗೆ ಬರುವಾಗ ಹ್ಯಾಂಬರ್ಗಿನ ವಿಮಾನ ಹೋಗಿಯಾಗಿತ್ತು. ಬೆಲ್ಟಿನ ಮೇಲೆ ನಮ್ಮ ಎರಡು ಸೂಟ್‌ಕೇಸು ಮಾತ್ರ ಸುತ್ತುತ್ತಿದ್ದವು, ಒಂದರಲ್ಲಿ ಹಲಸಿನ ಹಪ್ಪಳ, ಒಂದರಲ್ಲಿ ಮಗುವಿನ ಬಟ್ಟೆ. ವಿಮಾನ ಕಂಪನಿಯ ಕೌಂಟರಿನಲ್ಲಿ, ನಿಮ್ಮದು ಬೇರೆ ಬುಕಿಂಗ್, ನಾವೇನೂ ಮಾಡಲಾಗದು ಅಂದರು. ಎರಡು ಟಿಕೆಟಿನ ₹14,200 ಹೋಯಿತು. ಮಗಳು ಅಲ್ಲಿಂದಲೇ ಮೊಬೈಲಿಗೆ ರೈಲಿನ ಟಿಕೆಟ್ ಕಳಿಸಿದಳು. ಎಷ್ಟಾಯಿತು ಅಂತ ಮೂರು ಸಲ ಕೇಳಿದೆ, ಇವತ್ತಿಗೂ ಹೇಳಿಲ್ಲ. ರಾತ್ರಿ 11ಕ್ಕೆ ಮನೆ ಮುಟ್ಟಿದಾಗ ಮೊಮ್ಮಗಳು ಮಲಗಿದ್ದಳು.

ಈಗ ಅವನ ಉತ್ತರಗಳು. ವಾಟ್ಸಾಪಿನಲ್ಲಿ ಎಲ್ಲವೂ ಇವೆ, ಅಳಿಸಿಲ್ಲ.

ಮೊದಲ ದಿನ: “ಅಯ್ಯೋ ಹೌದಾ ಮಾಸ್ಟ್ರೇ, ಅವರ ಸಿಸ್ಟಮ್ ಡೌನ್ ಇರ್ಬೇಕು.” ಎರಡನೆಯ ದಿನ: “ನೀವು ತೋರಿಸಿದ ಕೌಂಟರ್ ತಪ್ಪು.” ಊರಿಗೆ ಬಂದು ಎದುರಿಗೆ ಕೂತು ಕೇಳಿದಾಗ: “ರಿಜಿಸ್ಟ್ರೇಷನ್ ಮಾಡಿ ಕೊಟ್ಟಿದ್ದೇವಲ್ಲ, ಕಾಗದ ನಿಮ್ಮ ಕೈಯಲ್ಲೇ ಉಂಟಲ್ಲ? ಕ್ಯೂ ಇರುದಿಲ್ಲ ಅಂತ ಗ್ಯಾರಂಟಿ ಎಲ್ಲಿ ಬರ್ದು ಕೊಟ್ಟಿದ್ದೇನೆ?” ಬರೆದು ಕೊಟ್ಟಿಲ್ಲ, ನಿಜ. ಬೆಣ್ಣೆಯ ಮೇಲೆ ಕೈ ಜಾರಿಸಿ ತೋರಿಸಿದ್ದ, ಅದಕ್ಕೆ ರಸೀದಿ ಇಲ್ಲ. ಬಿಲ್ಲು ಕೇಳಿದರೆ ‘ಸರ್ವಿಸ್ ಚಾರ್ಜ್’ ಅಂತ ಒಂದೇ ಪದ ಬರೆದ ಚೀಟಿ.

ಇನ್ನೂ ಉಂಟು. ಕೊನೆಗೆ ಅವನು ಹೇಳಿದ್ದು ಕೇಳಿ: “ದುಡ್ಡು ವಾಪಸ್ ಕಷ್ಟ ಮಾಸ್ಟ್ರೇ. ಮುಂದಿನ ಸಲ ಇಟಿಯಾಸ್ ಅಂತ ಇನ್ನೊಂದು ಬರ್ತದೆ, ಅದಕ್ಕೆ ಅಡ್ಜಸ್ಟ್ ಮಾಡುವ.” ಮಗಳನ್ನು ಕೇಳಿದೆ. ಆ ಇಟಿಯಾಸ್ ಅನ್ನುವುದು ಯುರೋಪಿಗೆ ಹೊರಡುವ ಮೊದಲು ಆನ್‌ಲೈನಿನಲ್ಲಿ ತೆಗೆಯುವ ಒಂದು ಅನುಮತಿ, ಅದು ವೀಸಾ ಬೇಡದ ದೇಶಗಳವರಿಗೆ. ನಮಗೆ ವೀಸಾ ಬೇಕೇ ಬೇಕು, ಹಾಗಾಗಿ ಅದು ನಮಗೆ ಅನ್ವಯವೇ ಆಗುವುದಿಲ್ಲ. ಅಂದರೆ ನನ್ನನ್ನು ಎರಡನೆಯ ಸಲ ಬೀಳಿಸಲು ಹೊಂಡ ಆಗಲೇ ತೋಡಿಟ್ಟಿದ್ದ. ಈ ಹೆಸರು ಹೇಳಿ ನಿಮ್ಮಲ್ಲಿ ಯಾರಾದರೂ ದುಡ್ಡು ಕೇಳಿದರೆ ನೆನಪಿರಲಿ.

ಮಕ್ಕಳನ್ನು ನೋಡಲು ಹೋಗುವ ಹಿರಿಯರಿಗೆ ಹೇಳುವುದಿಷ್ಟು. ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಯುರೋಪಿನಲ್ಲಿ ಮೊದಲು ಇಳಿಯುವ ಕಡೆ ಕಡಿಮೆ ಅಂದರೂ ನಾಲ್ಕು ಗಂಟೆ ಇಟ್ಟುಕೊಳ್ಳಿ, ಸಾಧ್ಯವಾದರೆ ಅಲ್ಲಿಂದ ಮುಂದೆ ರೈಲಿನಲ್ಲೇ ಹೋಗಿ. ದುಡ್ಡು ಕೊಡುವ ಮೊದಲು ಕಾಗದದ ಮೇಲಿನ ಮೂಲೆ ನೋಡಿ, ಯಾವ ದೇಶದ ಮುದ್ರೆ ಅಂತ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುವವನಿದ್ದೇನೆ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಫೀಸಿಲ್ಲ. ಇದನ್ನು ಅವನಿಗೆ ಹೇಳಿಯೇ ಮಾಡುವ ಅಂತ ನಿನ್ನೆ ಫೋನ್ ಮಾಡಿದೆ. ನಾಲ್ಕನೆಯ ಸಲಕ್ಕೆ ತೆಗೆದ. ಇಷ್ಟು ದಿನ ನನ್ನೊಡನೆ ಕನ್ನಡ ಬಿಟ್ಟು ಒಂದು ಪದ ಆಡದವನು, “ಮಾಷೇ, ಞಾನ್ ಬಿಸಿಯಾಣ್, ಪಿನ್ನೆ ವಿಳಿಕ್ಕಾಂ” (ಮಾಸ್ಟ್ರೇ, ನಾನು ಬ್ಯುಸಿ, ಆಮೇಲೆ ಫೋನ್ ಮಾಡ್ತೇನೆ) ಅಂತ ಮಲಯಾಳದಲ್ಲಿ ಹೇಳಿ ಇಟ್ಟುಬಿಟ್ಟ.