ಡಾರ್ಕೆಸ್ಟ್ ಡಂಜನ್: ಬರೀ ಅದೃಷ್ಟದ ಆಟವೆಂಬ ದೂರು ಎಷ್ಟು ಸರಿ?

ಕೆನಡಾದ ವ್ಯಾಂಕೂವರ್‌ನಲ್ಲಿರುವ ರೆಡ್ ಹುಕ್ ಸ್ಟುಡಿಯೋಸ್ ಎಂಬ ಪುಟ್ಟ ತಂಡ ರೂಪಿಸಿದ ಕಂಪ್ಯೂಟರ್ ಆಟ ‘ಡಾರ್ಕೆಸ್ಟ್ ಡಂಜನ್’ 2016ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾಯಿತು. ಅಲ್ಲಿಂದ ಇಲ್ಲಿಯವರೆಗೂ ಆಟಗಾರರು ಈ ಆಟದ ವಿಷಯದಲ್ಲಿ ಎರಡು ಪಂಗಡಗಳಾಗಿಯೇ ಉಳಿದಿದ್ದಾರೆ. ಶಿರಸಿಯಲ್ಲಿ ನನ್ನೊಂದಿಗೆ ಆಡುವ ಗೆಳೆಯರಲ್ಲೂ, ಘಟ್ಟದ ಕೆಳಗೆ ಕುಮಟಾ, ಕಾರವಾರಗಳಲ್ಲಿರುವ ಪರಿಚಿತರಲ್ಲೂ ಅದೇ ಒಡಕು ಕಾಣುತ್ತದೆ. ಒಂದು ಗುಂಪಿನವರ ಪ್ರಕಾರ ಇದು ಆಟಗಾರನ ಶ್ರಮಕ್ಕೆ ಬೆಲೆ ಕೊಡದ, ದಾಳ ಬಿದ್ದ ಹಾಗೆ ಫಲ ಕೊಡುವ ಅದೃಷ್ಟದ ಆಟ. ಇನ್ನೊಂದು ಗುಂಪಿನವರ ಪ್ರಕಾರ ಸರದಿಯಂತೆ ನಡೆಯುವ ಕಾಳಗದ ಆಟಗಳಲ್ಲಿ ಇಷ್ಟು ಗಟ್ಟಿಯಾದ ಇನ್ನೊಂದಿಲ್ಲ. ನಾನು ಎರಡನೆಯ ಗುಂಪಿಗೆ ಸೇರಿದವನು. ಆದರೂ ಮೊದಲ ಗುಂಪಿನವರ ದೂರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅವುಗಳಲ್ಲಿ ಕೆಲವು ತಪ್ಪು ತಿಳಿವಳಿಕೆಯಿಂದ ಹುಟ್ಟಿದವು, ಒಂದಂತೂ ಪೂರ್ತಿ ನ್ಯಾಯವಾದದ್ದು.

ಆಟದ ಹೊರ ಚೌಕಟ್ಟು ಸರಳವಾಗಿದೆ. ಪಾಳುಬಿದ್ದ ಪೂರ್ವಜರ ಎಸ್ಟೇಟೊಂದಕ್ಕೆ ನೀವು ವಾರಸುದಾರರು. ಅದರ ಸುತ್ತಲಿನ ಅವಶೇಷಗಳಿಗೆ, ಕಾಡಿಗೆ, ನೆಲದಡಿಯ ಬಿಲಗಳಿಗೆ ಮತ್ತು ಕಡಲ ಗುಹೆಗಳಿಗೆ ನಾಲ್ಕು ನಾಲ್ಕು ಜನ ಹೀರೋಗಳ ತಂಡಗಳನ್ನು ಕಳುಹಿಸಿ, ಸಂಪತ್ತು ತಂದು, ಊರನ್ನು ಮತ್ತೆ ಕಟ್ಟಬೇಕು. ಹೀರೋ ಸತ್ತರೆ ಸತ್ತಂತೆಯೇ. ಆಟ ಪ್ರತಿ ಹೆಜ್ಜೆಗೂ ತಾನಾಗಿಯೇ ಸೇವ್ ಆಗುವುದರಿಂದ ಹಿಂದಕ್ಕೆ ಹೋಗಿ ಇನ್ನೊಮ್ಮೆ ಪ್ರಯತ್ನಿಸುವ ದಾರಿಯೇ ಇಲ್ಲ. ಅದೃಷ್ಟದ ಬಗೆಗಿನ ದೂರಿನ ಬೇರು ಇರುವುದು ಇಲ್ಲಿಯೇ.

ಈ ದೂರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೀರೋನ ಆರೋಗ್ಯ ಸೊನ್ನೆಗೆ ಇಳಿದ ತಕ್ಷಣ ಅವನು ಸಾಯುವುದಿಲ್ಲ, ‘ಡೆತ್ಸ್ ಡೋರ್’ ಎಂಬ ಸ್ಥಿತಿಗೆ ತಲುಪುತ್ತಾನೆ. ಆ ಸ್ಥಿತಿಯಲ್ಲಿ ಬೀಳುವ ಪ್ರತಿ ಪೆಟ್ಟನ್ನೂ ತಡೆದುಕೊಳ್ಳುವ ಸಾಧ್ಯತೆ ಸಾಮಾನ್ಯವಾಗಿ ಶೇ. 67. ಅಂದರೆ ಸತತವಾಗಿ ಎರಡು ಪೆಟ್ಟು ಬಿದ್ದರೆ ಬದುಕುಳಿಯುವ ಸಾಧ್ಯತೆ ಶೇ. 45ರ ಆಸುಪಾಸಿಗೆ ಕುಸಿಯುತ್ತದೆ. ಮೊದಲ ಪೆಟ್ಟಿಗೇ ತನ್ನ ನೆಚ್ಚಿನ ಹೀರೋನನ್ನು ಕಳೆದುಕೊಂಡ ಆಟಗಾರನಿಗೆ ಈ ಲೆಕ್ಕ ಕ್ರೂರವಾಗಿ ಕಾಣುವುದು ಸಹಜ. ಆದರೆ ಆ ಒಂದು ಪೆಟ್ಟನ್ನಷ್ಟೇ ನೋಡಿದರೆ, ಹೀರೋ ಆ ಸ್ಥಿತಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಬಹಳಷ್ಟು ಸಲ ಅದಕ್ಕೆ ಎರಡು ಮೂರು ಸುತ್ತು ಮೊದಲೇ ಯಾರಿಗೆ ಹೊಡೆಯಬೇಕು, ಯಾರನ್ನು ಉಪಚರಿಸಬೇಕು, ಹಿಂದೆ ಸರಿಯಬೇಕೋ ಬೇಡವೋ ಎಂಬ ನಿರ್ಧಾರಗಳು ಆಗಿಹೋಗಿರುತ್ತವೆ. ಒಂದೇ ಒಂದು ಅಂಕದಷ್ಟು ಆರೋಗ್ಯ ತುಂಬಿದರೂ ಹೀರೋ ಸಾವಿನ ಹೊಸ್ತಿಲಿನಿಂದ ಈಚೆ ಬರುತ್ತಾನೆ. ಹಾಗಾಗಿ ದೊಡ್ಡ ಪೆಟ್ಟೊಂದನ್ನು ಹೊಡೆಯುವ ಆಸೆ ಬಿಟ್ಟು ಆ ಒಂದು ಅಂಕವನ್ನು ತುಂಬುವವನೇ ಇಲ್ಲಿ ಹೆಚ್ಚು ಕಾಲ ಉಳಿಯುತ್ತಾನೆ.

ಇದಕ್ಕೆ ಕಡಲ ಗುಹೆಯ, ಅಂದರೆ ‘ಕೋವ್’ನ ಒಂದು ಮಾಮೂಲು ಕಾಳಗವನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಎದುರಿಗೆ ಮೀನು ಮೋರೆಯ ಪೆಲಾಜಿಕ್ ಜೀವಿಗಳು ಸಾಲಾಗಿ ನಿಂತಿರುತ್ತವೆ. ಮುಂದಿನ ಸಾಲಿನಲ್ಲಿ ಗುರಾಣಿ ಹಿಡಿದ ಗಾರ್ಡಿಯನ್, ತುತ್ತ ತುದಿಯ ನಾಲ್ಕನೆಯ ಸ್ಥಾನದಲ್ಲಿ ಶಾಮನ್. ಶಾಮನ್ ತನ್ನವರಿಗೆ ಚಿಕಿತ್ಸೆ ಮಾಡುತ್ತದೆ ಮತ್ತು ನಮ್ಮವರ ಮನಸ್ಸಿನ ಮೇಲೆ ಒತ್ತಡ ಹೇರುತ್ತದೆ. ನಮ್ಮ ತಂಡದ ಹೀರೋಗಳಲ್ಲಿ ಕ್ರುಸೇಡರ್‌ನ ಕತ್ತಿ ಶತ್ರುವಿನ ಮೊದಲ ಎರಡು ಸ್ಥಾನಗಳನ್ನು ಮಾತ್ರ ಮುಟ್ಟುತ್ತದೆ. ಹೈವೇಮನ್‌ನ ಪಿಸ್ತೂಲು ಎರಡರಿಂದ ನಾಲ್ಕನೆಯವರೆಗೆ ತಲುಪುತ್ತದೆಯಾದರೂ ಅದನ್ನು ಮುಂಚೂಣಿಯಲ್ಲಿ ನಿಂತು ಹಾರಿಸುವಂತಿಲ್ಲ. ಪ್ಲೇಗ್ ಡಾಕ್ಟರ್‌ನ ವಿಷದ ಗ್ರೆನೇಡ್ ಬೀಳುವುದೇ ಮೂರು ಮತ್ತು ನಾಲ್ಕನೆಯ ಸ್ಥಾನಗಳ ಮೇಲೆ, ಅದರ ವಿಷಕ್ಕೆ ಗುರಾಣಿಯ ತಡೆಯೂ ಇಲ್ಲ. ಹೊಸ ಆಟಗಾರರು ಕಣ್ಣೆದುರಿಗಿರುವ ಗಾರ್ಡಿಯನ್ ಮೇಲೆ ಸುತ್ತುಗಟ್ಟಲೆ ಕತ್ತಿ ಬೀಸುತ್ತಾರೆ, ಅಷ್ಟರೊಳಗೆ ಹಿಂದಿರುವ ಶಾಮನ್ ಇಡೀ ತಂಡವನ್ನು ಹೈರಾಣು ಮಾಡಿರುತ್ತದೆ. ನಾಲ್ಕು ಜನರನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಎಂಬುದನ್ನು ಊರಿನಿಂದ ಹೊರಡುವ ಮೊದಲೇ ಯೋಚಿಸಿದವರಿಗೆ ಇದೇ ಕಾಳಗ ಹತೋಟಿಯಲ್ಲಿರುತ್ತದೆ. ಎರಡೂ ಕಡೆ ಬೀಳುವ ದಾಳಗಳು ಒಂದೇ.

ಸ್ಥಾನಗಳ ಈ ಲೆಕ್ಕಾಚಾರಕ್ಕೆ ಸಂಬಂಧಿಸಿಯೇ ಆಟಗಾರರ ಅತಿ ದೊಡ್ಡ ಪ್ರತಿಭಟನೆ ಎದ್ದದ್ದು. ಆಟ 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಸಂಗ್ರಹಿಸಿತ್ತು. 75,000 ಡಾಲರ್ ಕೇಳಿದ ತಂಡಕ್ಕೆ ಮೂರು ಲಕ್ಷ ಡಾಲರಿಗೂ ಮಿಕ್ಕಿ ದೊರೆಯಿತು. 2015ರ ಫೆಬ್ರವರಿಯಲ್ಲಿ ಅಪೂರ್ಣ ರೂಪದಲ್ಲೇ ಅರ್ಲಿ ಆ್ಯಕ್ಸೆಸ್ ಮಾರಾಟವೂ ಶುರುವಾಯಿತು. ಆಗ ಮುಂದಿನ ಸಾಲಿನ ಶತ್ರು ಸತ್ತರೆ ಹಿಂದಿನವರು ತಾವಾಗಿಯೇ ಮುಂದಕ್ಕೆ ಜರುಗುತ್ತಿದ್ದರು. ಅದೇ ವರ್ಷದ ನಡುವಿನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಸತ್ತ ಶತ್ರುವಿನ ಹೆಣ ಅಲ್ಲಿಯೇ ಬಿದ್ದು ಸ್ಥಾನವನ್ನು ಆಕ್ರಮಿಸುವಂತೆ ಮಾಡಲಾಯಿತು, ಮಾನಸಿಕ ಒತ್ತಡ ಮಿತಿ ಮೀರಿದರೆ ಹೀರೋಗೆ ಹೃದಯಾಘಾತವಾಗುವ ನಿಯಮವೂ ಸೇರಿತು. ಆವರೆಗೆ ಹೊಗಳುತ್ತಿದ್ದವರೇ ಸಿಟ್ಟಿಗೆದ್ದರು. ತಾವು ದುಡ್ಡು ಕೊಟ್ಟು ಕೊಂಡ ಆಟವನ್ನು ನಡುದಾರಿಯಲ್ಲಿ ಬದಲಿಸಿದರೆಂಬ ಅವರ ಅಸಮಾಧಾನಕ್ಕೆ ಆಧಾರವಿತ್ತು. ಕೊನೆಗೆ ತಂಡದವರು ಎರಡನ್ನೂ ಬೇಡವೆಂದರೆ ನಿಲ್ಲಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕೊಟ್ಟರು. ಆಟಗಾರರ ಮಾತಿಗೆ ಕಿವಿಗೊಟ್ಟದ್ದು ಮೆಚ್ಚತಕ್ಕ ನಡವಳಿಕೆ. ಆದರೆ ಹೆಣಗಳನ್ನು ಇಟ್ಟುಕೊಂಡೇ ಆಡಿ ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಅವಿಲ್ಲದಿದ್ದರೆ ಮುಂದಿನವನನ್ನು ಹೊಡೆಯುತ್ತಾ ಹೋದರೆ ಸಾಕು, ಹಿಂದಿನ ಸಾಲನ್ನು ತಲುಪುವ ವಿದ್ಯೆಗಳಿಗೆ ಬೆಲೆಯೇ ಇರುವುದಿಲ್ಲ, ಮೇಲೆ ಹೇಳಿದ ಶಾಮನ್‌ನ ಸಮಸ್ಯೆ ಕೂಡ ಸಮಸ್ಯೆಯಾಗಿ ಉಳಿಯುವುದಿಲ್ಲ.

ಒತ್ತಡದ ವಿಷಯಕ್ಕೆ ಬಂದರೆ, ಈ ಆಟವನ್ನು ಬೇರೆಲ್ಲ ಫ್ಯಾಂಟಸಿ ಆಟಗಳಿಂದ ಬೇರೆಯಾಗಿಸುವುದು ಅದೇ. ಪ್ರತಿ ಹೀರೋನ ಹೆಸರಿನ ಕೆಳಗೆ ಆರೋಗ್ಯದ ಜೊತೆಗೆ ಒತ್ತಡದ ಪಟ್ಟಿಯೊಂದಿದೆ. ಕತ್ತಲು, ಹಸಿವು, ಶತ್ರುವಿನ ಭಾರೀ ಹೊಡೆತ, ಜೊತೆಗಾರನ ಸಾವು ಎಲ್ಲವೂ ಅದನ್ನು ಏರಿಸುತ್ತವೆ. ಒತ್ತಡ 100 ಮುಟ್ಟಿದಾಗ ಹೀರೋನ ಮನಸ್ಸಿನ ಪರೀಕ್ಷೆ ನಡೆಯುತ್ತದೆ. ಸರಿಸುಮಾರು ನಾಲ್ಕರಲ್ಲಿ ಮೂರು ಸಲ ಅವನು ಕುಗ್ಗಿ ಭಯಗ್ರಸ್ತನೋ, ಸ್ವಾರ್ಥಿಯೋ, ಎಲ್ಲರನ್ನೂ ಸಂಶಯಿಸುವವನೋ ಆಗುತ್ತಾನೆ. ಉಳಿದ ಒಂದು ಸಲ ಆ ಸಂಕಟದಲ್ಲೇ ಅವನ ಧೈರ್ಯ ಉಕ್ಕಿಬಂದು ಇಡೀ ತಂಡವನ್ನು ಎತ್ತಿಹಿಡಿಯುತ್ತದೆ. ಒತ್ತಡ 200 ತಲುಪಿದರೆ ಹೃದಯಾಘಾತ. ಸಂಶಯಕ್ಕೆ ಬಿದ್ದ ಹೀರೋ ತಂಡದ ಉಪಚಾರಕಿ ವೆಸ್ಟಲ್‌ಳಿಂದ ಚಿಕಿತ್ಸೆಯನ್ನೇ ನಿರಾಕರಿಸಬಹುದು, ಸರದಿ ಬಂದಾಗ ಹೊಡೆಯದೆ ಸುಮ್ಮನಿರಬಹುದು, ತನ್ನವರನ್ನೇ ಬೈದು ಅವರ ಒತ್ತಡವನ್ನೂ ಏರಿಸಬಹುದು. ‘ನನ್ನ ಮಾತನ್ನು ನನ್ನ ಹೀರೋವೇ ಕೇಳುವುದಿಲ್ಲವೆಂದರೆ ನಾನೇಕೆ ಆಡಬೇಕು’ ಎಂಬುದು ಕಾರವಾರದ ಗೆಳೆಯನೊಬ್ಬನ ಆಕ್ಷೇಪ. ಇದೇ ಅರ್ಥದ ಮಾತನ್ನು ಅನೇಕರು ಆಡುತ್ತಾರೆ. ನನಗೆ ಅನಿಸುವುದು ಬೇರೆ. ಗುಹೆಯೊಳಗೆ ದಣಿದು, ಗಾಯಗೊಂಡು, ಕತ್ತಲಲ್ಲಿ ನಡೆಯುವವರು ಹೇಳಿದ್ದನ್ನೆಲ್ಲ ಮಾಡುವ ಬೊಂಬೆಗಳಾಗಿದ್ದರೆ ಅವರ ಸಾವೂ ನಮ್ಮನ್ನು ತಟ್ಟುತ್ತಿರಲಿಲ್ಲ. ಅವರನ್ನು ವಾರಗಟ್ಟಲೆ ಊರಿನ ಮಂದಿರದಲ್ಲೋ ಹೆಂಡದಂಗಡಿಯಲ್ಲೋ ಬಿಟ್ಟು ಸುಧಾರಿಸಿಕೊಳ್ಳಲು ಬಿಡಬೇಕಾಗುವುದರಿಂದಲೇ ಬೇರೆ ಬೇರೆ ತಂಡಗಳನ್ನು ಕಟ್ಟುವ, ಕಡೆಗಣಿಸಿದ ಹೀರೋಗಳನ್ನು ಪ್ರಯೋಗಿಸಿ ನೋಡುವ ಅವಕಾಶ ಒದಗುತ್ತದೆ.

ಕಡಲ ಗುಹೆಯ ಬಗ್ಗೆ ಇನ್ನೂ ಒಂದು ಮಾತು ಹೇಳದಿರಲಾರೆ, ಏಕೆಂದರೆ ಕರಾವಳಿಯ ಆಟಗಾರರಿಗೆ ಇಡೀ ಆಟದಲ್ಲಿ ಹೆಚ್ಚು ಹಿಡಿಸುವ ಜಾಗ ಅದು. ಕೊಳೆತ ಮೀನಿನ ಒಡಲನ್ನು ಔಷಧಿ ಸೊಪ್ಪಿಲ್ಲದೆ ಕೆದಕಿದರೆ ಕಾಯಿಲೆ ತಗಲುವ ಅಪಾಯವಿದೆ. ಹವಳದ ಬಳಿ ಅದೇ ಸೊಪ್ಪನ್ನು ಬಳಸಿದರೆ ಹೀರೋನ ಒಂದು ಕೆಟ್ಟ ಚಾಳಿಯೇ ಬಿಟ್ಟುಹೋಗುತ್ತದೆ. ಸೈರನ್ ಎಂಬ ಬಾಸ್ (ಆ ಜಾಗದ ಮುಖ್ಯ ಶತ್ರು) ತನ್ನ ಹಾಡಿನಿಂದ ನಮ್ಮ ಹೀರೋನೊಬ್ಬನನ್ನು ಮರುಳು ಮಾಡಿ ಕೆಲವು ಸುತ್ತುಗಳ ಕಾಲ ತನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತಾಳೆ. ಇಲ್ಲಿನ ಜೀವಿಗಳ ಹೊಡೆತದಿಂದ ರಕ್ತಸ್ರಾವ ಹೆಚ್ಚು, ಆದ್ದರಿಂದ ಹೊರಡುವಾಗ ಬ್ಯಾಂಡೇಜಿಗೆ ಜಿಪುಣತನ ಮಾಡಬಾರದು.

ಇನ್ನು ನಾನು ಒಪ್ಪುವ ದೂರು. ಆಟದ ಮೊದಲರ್ಧದಲ್ಲಿ ಪ್ರತಿ ಪ್ರಯಾಣವೂ ಹೊಸದಾಗಿ ಕಾಣುತ್ತದೆ, ಆಮೇಲೆ ಅದೇ ಹಾದಿ, ಅದೇ ಶತ್ರುಗಳು, ಹೆಚ್ಚಿದ ಅಂಕಿಗಳು ಮಾತ್ರ. ಹೀರೋಗಳು ಮೂರನೆಯ ಹಂತಕ್ಕೆ ಏರಿದ ಮೇಲೆ ಸುಲಭದ ದಂಡಯಾತ್ರೆಗಳಿಗೆ ಬರಲು ಒಪ್ಪುವುದಿಲ್ಲ; ಹೀಗಾಗಿ ಒಬ್ಬ ಪಳಗಿದ ಹೀರೋ ಸತ್ತರೆ ಅವನ ಜಾಗಕ್ಕೆ ಹೊಸಬನನ್ನು ತಯಾರು ಮಾಡಲು ಹೊಸಬರದೇ ಒಂದು ತಂಡವನ್ನು ಕಟ್ಟಿ ಮತ್ತೆ ಬುಡದಿಂದ ಆರಂಭಿಸಬೇಕು. ಆಟದ ಹೆಸರನ್ನೇ ಹೊತ್ತ ಕೊನೆಯ ತಾಣ ಡಾರ್ಕೆಸ್ಟ್ ಡಂಜನ್‌ನ ನಾಲ್ಕು ಹಂತಗಳಲ್ಲಿ ಈ ಭಾರ ಇನ್ನೂ ಹೆಚ್ಚಾಗುತ್ತದೆ. ಅಲ್ಲಿಂದ ಗೆದ್ದು ಬಂದವರು ಮತ್ತೊಮ್ಮೆ ಒಳಗೆ ಕಾಲಿಡಲು ಒಪ್ಪುವುದಿಲ್ಲ, ಓಡಿ ಬರಬೇಕೆಂದರೆ ಒಬ್ಬನನ್ನು ಬಲಿಕೊಟ್ಟೇ ಬರಬೇಕು. ಕಥೆಯ ದೃಷ್ಟಿಯಿಂದ ಆ ನಿಯಮ ನನಗೆ ಮನಮುಟ್ಟುವಂಥದ್ದು, ಆದರೆ ಅದಕ್ಕಾಗಿ ಬೇಕಾಗುವ ಹೆಚ್ಚುವರಿ ತಂಡಗಳನ್ನು ಸಿದ್ಧಗೊಳಿಸುವ ಕೆಲಸದಲ್ಲಿ ಹೊಸತೇನೂ ಇಲ್ಲ. ಕೆಲಸ, ಸಂಸಾರ ಇರುವವರಲ್ಲಿ ಬಹಳ ಜನ ಆಟ ಬಿಡುವುದು ಇಲ್ಲಿಯೇ, ಅವರಿಗೆ ತಾಳ್ಮೆಯಿಲ್ಲವೆಂದು ಹೇಳುವುದು ಅನ್ಯಾಯ. 2017ರಲ್ಲಿ ಸೇರಿಸಿದ ‘ರೇಡಿಯಂಟ್’ ಎಂಬ ಸುಲಭ ಆಟದ ಬಗೆ ಈ ದೂರಿಗೆ ತಂಡವೇ ಕೊಟ್ಟ ಉತ್ತರ; ಅದರಲ್ಲಿ ಕಾಳಗದ ಸ್ವರೂಪ ಹೆಚ್ಚು ಬದಲಾಗದೆ, ಒಟ್ಟು ಆಟದ ಅವಧಿ ಮಾತ್ರ ಕುಗ್ಗುತ್ತದೆ, ಮೇಲಿನ ಹಂತದ ಹೀರೋಗಳನ್ನು ಸುಲಭದ ಯಾತ್ರೆಗೂ ಒಯ್ಯಬಹುದು. ಮೊದಲ ಬಾರಿ ಆಡುವವರು ನಾಚಿಕೆಪಡದೆ ಅದನ್ನೇ ಆರಿಸಬೇಕು.

ಮೆಚ್ಚದವರೂ ಮೆಚ್ಚುವ ಸಂಗತಿಯೊಂದಿದೆ, ಅದು ನಿರೂಪಕನ ದನಿ. ವೇಯ್ನ್ ಜೂನ್ ಅವರ ಆಳವಾದ, ತೂಕದ ಧ್ವನಿ ಕಥೆಯ ಪೂರ್ವಜನಾಗಿ ಹೀರೋನ ಪ್ರತಿ ಗೆಲುವು ಸೋಲಿಗೂ ಮಾತು ಜೋಡಿಸುತ್ತಾ ಹೋಗುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು ಪಾತ್ರಧಾರಿಯ ಹಿಂದೆ ಕುಳಿತೇ ರಂಗದ ಲಯವನ್ನು ಹಿಡಿದಿರುವುದನ್ನು ಕಂಡವರಿಗೆ ಈ ನಿರೂಪಕನ ಕೆಲಸ ಏನೆಂದು ವಿವರಿಸಬೇಕಾಗಿಲ್ಲ. 2025ರ ಆರಂಭದಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಆಟಗಾರರು ದುಃಖಿಸಿದ್ದು ಈ ಕಾರಣಕ್ಕೇ. ತೊಡಕೆಂದರೆ ಅವರ ಇಂಗ್ಲಿಷ್ ಹಳೆಯ ಕಾಲದ, ಅಲಂಕಾರಗಳಿಂದ ತುಂಬಿದ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ತಮ್ಮನ ವಯಸ್ಸಿನವರು ಆ ದನಿಯನ್ನು ಇಷ್ಟಪಡುತ್ತಾರೆಯೇ ಹೊರತು ಅರ್ಧದಷ್ಟು ಮಾತು ಅವರಿಗೆ ದಕ್ಕುವುದಿಲ್ಲ. ಹಲವಾರು ಭಾಷೆಗಳಲ್ಲಿ ಆಟದ ಪಠ್ಯ ಲಭ್ಯವಿದೆ, ಕನ್ನಡದಲ್ಲಿಲ್ಲ. ವಿದ್ಯೆಗಳ ವಿವರಣೆ ಚಿಕ್ಕ ಚಿಕ್ಕ ಗುರುತು ಮತ್ತು ಅಂಕಿಗಳಲ್ಲಿರುವುದರಿಂದ ಕಾಳಗಕ್ಕೆ ಅಡ್ಡಿಯಾಗುವುದಿಲ್ಲ, ಕಥೆಯ ಸ್ವಾರಸ್ಯ ಮಾತ್ರ ಕಡಿಮೆಯಾಗುತ್ತದೆ.

ಕೈಯಲ್ಲಿ ಬರೆದಂತಿರುವ ದಪ್ಪ ಕಪ್ಪು ಗೆರೆಗಳ ಎರಡು ಆಯಾಮದ ಚಿತ್ರಗಳಾದ್ದರಿಂದ ದುಬಾರಿ ಕಂಪ್ಯೂಟರ್ ಬೇಕಾಗಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲೂ ಸರಾಗವಾಗಿ ನಡೆಯುತ್ತದೆ. ಒಬ್ಬರೇ ಆಡುವ ಆಟವಾಗಿರುವುದರಿಂದ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್‌ನ ಹಂಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ದಿನಗಳಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ಆಡಬಹುದು. ಸರದಿಯ ಆಟವಾದ್ದರಿಂದ ಅಡಿಕೆ ಒಳಗೆ ಹಾಕಲೆಂದು ನಡುವೆ ಎದ್ದುಹೋದರೂ ಶತ್ರು ಕಾಯುತ್ತಾನೆ. ಐಪ್ಯಾಡ್ ಮತ್ತು ನಿಂಟೆಂಡೊ ಸ್ವಿಚ್‌ಗಳಿಗೂ ಆಟ ಬಂದಿದೆ, ಆದರೆ ಸಣ್ಣ ಪರದೆಯಲ್ಲಿ ಅಕ್ಷರಗಳನ್ನು ಓದಲು ಕಣ್ಣು ಕಿರಿದಾಗಿಸಬೇಕಾಗುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ವರ್ಷಕ್ಕೆ ಹಲವು ಬಾರಿ ಭಾರೀ ರಿಯಾಯಿತಿಗೆ ಸಿಗುವ ಆಟ ಇದು, ಪೂರ್ಣ ಬೆಲೆ ಕೊಡುವ ಅಗತ್ಯವಿಲ್ಲ. ‘ಕ್ರಿಮ್ಸನ್ ಕೋರ್ಟ್’ ಎಂಬ 2017ರ ಹೆಚ್ಚುವರಿ ಭಾಗವನ್ನು ಜೊತೆಗೇ ಕೊಂಡರೂ ಮೊದಲ ಆಟದಲ್ಲಿ ಅದನ್ನು ಚಾಲೂ ಮಾಡಬೇಡಿ. ಅದರಲ್ಲಿ ಬರುವ ರಕ್ತದ ಶಾಪ ಹೀರೋಗಳಿಗೆ ತಗಲಿ, ಮೂಲ ಆಟವನ್ನೇ ಇನ್ನೂ ಕಲಿಯುತ್ತಿರುವವರ ಕೈಕಟ್ಟಿಹಾಕುತ್ತದೆ.

2023ರ ಮೇ ತಿಂಗಳಲ್ಲಿ ಪೂರ್ಣಗೊಂಡ ಎರಡನೆಯ ಭಾಗ ಇದರ ಮುಂದುವರಿಕೆ ಎನ್ನುವುದಕ್ಕಿಂತ ಬೇರೆಯೇ ಆಟ. ಊರು ಕಟ್ಟುವ ಕೆಲಸ ಅದರಲ್ಲಿಲ್ಲ. ನಾಲ್ವರು ಒಂದು ಕುದುರೆಗಾಡಿಯಲ್ಲಿ ಹೊರಡುತ್ತಾರೆ, ದಾರಿಯುದ್ದಕ್ಕೂ ಅವರ ನಡುವಿನ ಸ್ನೇಹ, ಮುನಿಸುಗಳೇ ಕಾಳಗದ ಗತಿಯನ್ನು ನಿರ್ಧರಿಸುತ್ತವೆ. ಗ್ರೈಂಡ್, ಅಂದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಬೇಸರ ತರಿಸಿತೆಂದು ಮೊದಲನೆಯದನ್ನು ಬಿಟ್ಟ ಕುಮಟಾದ ಗೆಳೆಯರಿಗೆ ಅದು ಹಿಡಿಸಿದೆ. ಒಂದೊಂದೇ ಕಟ್ಟಡವನ್ನು ಮೇಲೆತ್ತಿ, ಸ್ಮಶಾನದಲ್ಲಿರುವ ಹೆಸರುಗಳನ್ನು ನೆನಪಿಟ್ಟುಕೊಂಡು ಆಡಿದ ನನ್ನಂಥವರು ಇನ್ನೂ ಮೊದಲನೆಯದನ್ನೇ ತೆರೆಯುತ್ತೇವೆ.