ಕೆಂಪು ಕವರ್ ನೋಡಿ ಟೈಪ್ ಆರ್ ರೇಟು ಕೊಡಬೇಡಿ: ಹಳೇ ಬಿ18ಸಿ ಎಂಜಿನ್ ಹುಡುಕುತ್ತಿರುವವರಿಗೆ

1998-2003ರ ಹಳೇ ಹೋಂಡಾ ಸಿಟಿಗೆ ಹೋಂಡಾದ್ದೇ ಬಿ ಸೀರೀಸ್ (ಬಿ16, ಬಿ18 ಥರದ್ದು) ಎಂಜಿನ್ ಕೂರಿಸೋಣ ಅಂತ ಬೆಂಗಳೂರಲ್ಲಿ ಹಾಫ್ ಕಟ್ (ಎಂಜಿನ್ ಸಮೇತ ಕತ್ತರಿಸಿ ತಂದ ಹಳೇ ಕಾರಿನ ಮುಂಭಾಗ) ಹುಡುಕುತ್ತಿದ್ದೀರಾ? ಇದನ್ನ ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಹೋಂಡಾ ಇಂಟೆಗ್ರಾ ಕಾರಿನ ಜೋರು ಮಾದರಿ ಟೈಪ್ ಆರ್ ಎಂಜಿನ್ ಅಂತ ಟೈಪ್ ಆರ್ ರೇಟು ಎಣಿಸಿಕೊಂಡು, ಎರಡು ಬೇರೆ ಎಂಜಿನ್ ಸೇರಿಸಿದ ಕಲಬೆರಕೆ ಮಾಲು ನನ್ನ ಕೈಗಿಟ್ಟಿದ್ದಾರೆ. ಮಾರಿದವರ ಹೆಸರು ಬರೆಯಲ್ಲ. ಟೋಪಿ ಹಾಕಿದ ರೀತಿ ಮಾತ್ರ ಒಂದೂ ಬಿಡದೆ ಬರೆಯುತ್ತೇನೆ.

ಈ ಆಟ ನಡೆಯೋದೇ ಬ್ಲಾಕ್ (ಸಿಲಿಂಡರ್ ಇರೋ ಕೆಳಭಾಗ) ಮೇಲೆ ಕೊರೆದ ಪಂಚ್ ನಂಬರಿನಿಂದ. ಜಪಾನಿನಲ್ಲಿ ಇಂಟೆಗ್ರಾದ ಕೆಳಗಿನ ಮಾದರಿ ಎಸ್‌ಐಆರ್-ಜಿಗೂ ಬಿ18ಸಿ, 1995ರಲ್ಲಿ ಬಂದ ಟೈಪ್ ಆರ್‌ಗೂ ಬಿ18ಸಿ. ಎರಡರ ಮೇಲೂ ಅದೇ ಅಕ್ಷರ. ಅಮೆರಿಕದ ಎಂಜಿನ್ ಆಗಿದ್ದರೆ ಬಿ18ಸಿ1, ಬಿ18ಸಿ5 ಅಂತ ಬೇರೆ ಬೇರೆ ಇರುತ್ತೆ. ಇಲ್ಲಿಗೆ ಬರೋ ಜಪಾನ್ ಮಾಲಿನಲ್ಲಿ ಆ ಪುಣ್ಯ ಇಲ್ಲ. 1797 ಸಿಸಿ, 81 ಮಿ.ಮೀ. ಬೋರ್, 87.2 ಮಿ.ಮೀ. ಸ್ಟ್ರೋಕ್, ಎಲ್ಲ ಸಮಾನ. ಆದರೆ ಎಸ್‌ಐಆರ್-ಜಿ 180 ಪಿಎಸ್ (ಹಾರ್ಸ್‌ಪವರ್ ಲೆಕ್ಕ), ಕಂಪ್ರೆಷನ್ ರೇಶಿಯೋ (ಸಿಲಿಂಡರ್ ಒಳಗೆ ಗಾಳಿ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 10.6. ಟೈಪ್ ಆರ್ 8000 ಆರ್‌ಪಿಎಂನಲ್ಲಿ 200 ಪಿಎಸ್, ರೇಶಿಯೋ 11.1. ನಾವು ದುಡ್ಡು ಕೊಡೋದು ಈ ವ್ಯತ್ಯಾಸಕ್ಕೆ.

"ಪಂಚ್ ನೋಡಿ ಸಾರ್, ಬಿ18ಸಿ. ಇನ್ನೇನು ಪ್ರೂಫ್ ಬೇಕು?" ಇದು ಅವರ ಮೊದಲ ಡೈಲಾಗ್. ಕೊನೆಯ ಡೈಲಾಗೂ ಇದೇ.

ಗೊತ್ತಿರುವವರು ಹೆಡ್ (ಬ್ಲಾಕ್ ಮೇಲೆ ಕೂರೋ, ವಾಲ್ವ್ ಇರೋ ಭಾಗ) ಮೇಲಿನ ಎರಕದ ಗುರುತು ನೋಡುತ್ತಾರೆ. ಎಸ್‌ಐಆರ್-ಜಿ ಹೆಡ್ ಮೇಲೆ ಪಿ72 ಅಂತ ಇರುತ್ತೆ, ಟೈಪ್ ಆರ್ ಮೇಲೆ ಪಿಆರ್3. ಪಿ72 ಹೆಡ್‌ಗೆ ಟೈಪ್ ಆರ್ ಇನ್‌ಟೇಕ್ ಮ್ಯಾನಿಫೋಲ್ಡ್ ಬೋಲ್ಟ್ ಕೂರೋದೇ ಇಲ್ಲ. ಹಾಗಾಗಿ ಪಿಆರ್3 ಕಂಡರೆ ನಿಶ್ಚಿಂತೆ ಅಂತ ಎಲ್ಲರೂ ಹೇಳ್ತಾರೆ. ಅಲ್ಲ ಸ್ವಾಮಿ, ಅಲ್ಲ! ಹೋಂಡಾದ್ದೇ ಚಿಕ್ಕ 1.6 ಲೀಟರ್ ಎಂಜಿನ್ ಬಿ16ಎ ಹೆಡ್ ಮೇಲೂ ಪಿಆರ್3 ಅಂತಲೇ ಇರುತ್ತೆ. ಎಸ್‌ಐಆರ್-ಜಿ ಬ್ಲಾಕ್, ಮೇಲೆ ಅಗ್ಗಕ್ಕೆ ಸಿಕ್ಕ ಬಿ16ಎ ಹೆಡ್, ಅದರ ಮೇಲೆ ಸ್ಪ್ರೇ ಕ್ಯಾನ್‌ನಲ್ಲಿ ಸಿಗೋ ಸುಕ್ಕು ಸುಕ್ಕಾದ ಕೆಂಪು ಪೇಂಟ್ ಹೊಡೆದ ವಾಲ್ವ್ ಕವರ್. ಟೈಪ್ ಆರ್ ಕವರ್ ಕೆಂಪು ತಾನೇ. ಪಂಚ್ ಸರಿ, ಎರಕ ಸರಿ, ಬಣ್ಣ ಸರಿ. ಎಂಜಿನ್ ಮಾತ್ರ ಟೈಪ್ ಆರ್ ಅಲ್ಲ. ಎಸ್‌ಐಆರ್-ಜಿಯೂ ಅಲ್ಲ. ಪಿಆರ್3 ಹೆಡ್ಡಿನ ಚೇಂಬರ್ (ಪೆಟ್ರೋಲು ಉರಿಯೋ ಗುಂಡಿ) 42.7 ಸಿಸಿ, ಪಿ72ರದ್ದು 41.6. ಪಿಸ್ಟನ್ ಎಸ್‌ಐಆರ್-ಜಿಯದ್ದೇ ಇಟ್ಟು ಚೇಂಬರ್ ದೊಡ್ಡದು ಮಾಡಿದರೆ ರೇಶಿಯೋ 10.6ಕ್ಕಿಂತಲೂ ಕೆಳಗೆ ಇಳಿಯುತ್ತೆ. ಅಂದರೆ ಜಾಸ್ತಿ ರೇಟು ಕೊಟ್ಟು ಕಮ್ಮಿ ಎಂಜಿನ್.

ಇನ್ನು ಕಂಪ್ರೆಷನ್ ವಿಡಿಯೋ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡ ಅಳೆದ ವಿಡಿಯೋ. ಬಿ ಸೀರೀಸ್‌ನಲ್ಲಿ ಸ್ಟಾರ್ಟರ್ ಕೂರೋದು ಗೇರ್‌ಬಾಕ್ಸ್ ಹೌಸಿಂಗ್ ಮೇಲೆ. ಟೈರ್ ಮೇಲೆ ಮಲಗಿಸಿದ ಬರೀ ಎಂಜಿನ್ನಿಗೆ ಕಂಪ್ರೆಷನ್ ಟೆಸ್ಟ್ ಮಾಡೋಕಾಗಲ್ಲ. ಇದೇ ಅವರಿಗೆ ಅನುಕೂಲ. "ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ತೆಗೆದಿದ್ದು ಸಾರ್" ಅಂತ ವಿಡಿಯೋ ಕಳಿಸಿದರು: 225, 220, 225, 220 ಪಿಎಸ್‌ಐ. ಕಣ್ಣಿಗೆ ಹಬ್ಬ. ಸ್ಟ್ಯಾಂಡಿಗೆ ಏರಿಸಿ ಪ್ಲಗ್ ಬಿಚ್ಚಿ ಬೋರ್‌ಸ್ಕೋಪ್ (ತೂತಿನಲ್ಲಿ ಇಳಿಸೋ ಸಣ್ಣ ಕ್ಯಾಮೆರಾ) ಇಳಿಸಿದರೆ ನಾಲ್ಕೂ ಪಿಸ್ಟನ್ ಅಂಚಿನಲ್ಲಿ ಆಯಿಲ್ ನಿಂತಿತ್ತು. ರಿಂಗ್ ಸುತ್ತ ಆಯಿಲ್ ಇದ್ದರೆ ಗಾಳಿ ಸೋರಲ್ಲ, ಮುಳ್ಳು ಏರುತ್ತೆ, ಅಷ್ಟೇ ವಿದ್ಯೆ. ಗೇರ್‌ಬಾಕ್ಸ್ ಸೇರಿಸಿ, ಪ್ಲಗ್ ಇಲ್ಲದೆ ತಿರುಗಿಸಿ ಆ ಆಯಿಲ್ ಉಗುಳಿಸಿ, ಥ್ರಾಟಲ್ ಪೂರ್ತಿ ತೆರೆದು, ಚಾರ್ಜ್ ತುಂಬಿದ ಬ್ಯಾಟರಿಯಲ್ಲಿ ಮತ್ತೆ ನೋಡಿದಾಗ ಬಂದಿದ್ದು 170, 165, 190, 150. ಸಿಲಿಂಡರ್ ಸಿಲಿಂಡರ್ ನಡುವೆ ಹೋಂಡಾ ಒಪ್ಪೋ ವ್ಯತ್ಯಾಸ 28 ಪಿಎಸ್‌ಐ. ಇಲ್ಲಿ 40.

ಆದರೂ ಟೈಪ್ ಆರ್ ತಾನೇ, ರಿಂಗ್ ಹಾಕಿಸಿದರಾಯ್ತು ಅನ್ನೋ ಆಸೆ ಉಳಿದಿತ್ತು. ಲೇತ್ ಅಂಗಡಿಯಲ್ಲಿ ಹೆಡ್ ಎತ್ತಿದರು. ಹುಡುಗ ಪಿಸ್ಟನ್ ತಲೆ ಮೇಲಿನ ಮಸಿ ಬಟ್ಟೆಯಲ್ಲಿ ಒರೆಸಿದ. ಟೈಪ್ ಆರ್ ಪಿಸ್ಟನ್ ಆಗಿದ್ದರೆ ಪಿ73 ಅಂತ ಇರಬೇಕಾದ ಜಾಗದಲ್ಲಿ ಎಸ್‌ಐಆರ್-ಜಿಯ ಪಿ72. ಇನ್ನೊಂದು ಒರೆಸಿದ, ಪಿ72. ನಾಲ್ಕೂ ಪಿ72. ಅಂಗಡಿ ಯಜಮಾನರು ಒಂದು ಮಾತೂ ಆಡಲಿಲ್ಲ, ಮುಖ ನೋಡಿ ನಕ್ಕರು. ಆ ನಗು ಇದೆಯಲ್ಲ, ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಉರಿಸಿತು.

ಮಾರಿದವರಿಗೆ ಫೋಟೋ ಕಳಿಸಿದ ಮೇಲೆ ಬಂದ ಉತ್ತರಗಳು, ಬಂದ ಕ್ರಮದಲ್ಲೇ:

"ಎರಡೂ ಬಿ18ಸಿನೇ ಅಲ್ವಾ ಸಾರ್?"

"ಕಂಟೇನರ್ ಮಾಲು, ಒಳಗೆ ಏನಿದೆ ಅಂತ ನಮಗೂ ಗೊತ್ತಿರಲ್ಲ." ಗೊತ್ತಿರಲಿಲ್ಲವಂತೆ! ಪ್ಲಗ್ ತೂತಿನಲ್ಲಿ ಆಯಿಲ್ ಸುರಿಯೋಕೆ ಗೊತ್ತಿತ್ತು.

"ಹೆಡ್ ಬಿಚ್ಚಿದ ಮಾಲು ವಾಪಸ್ ಇಲ್ಲ." ಹೆಡ್ ಬಿಚ್ಚದೆ ಪಿಸ್ಟನ್ ಗುರುತು ಕಾಣಲ್ಲ, ಬಿಚ್ಚಿದರೆ ವಾಪಸ್ ಇಲ್ಲ. ಎಷ್ಟು ಚೆನ್ನಾಗಿದೆ ನೋಡಿ ವ್ಯಾಪಾರ.

ಕೊನೆಗೆ, "ಪಿಸ್ಟನ್ ನೀವೇ ಬದಲಾಯಿಸಿ ಕತೆ ಕಟ್ಟುತ್ತಿಲ್ಲ ಅಂತ ಏನು ಗ್ಯಾರಂಟಿ?" ಇದಾದ ಮೇಲೆ ನಂಬರ್ ಬ್ಲಾಕ್.

ಈಗ ಬೆಲೆ ಕಟ್ಟೋ ವಿಷಯ. ಹೆಡ್ ಬಿಚ್ಚಬೇಡಿ ಅಂತಾರಲ್ಲ, ಪರವಾಗಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿಸಿ. ಟೈಪ್ ಆರ್ ಥ್ರಾಟಲ್ ಬಾಡಿ 62 ಮಿ.ಮೀ., ಬಿ16ಎಯದ್ದು 60. ಆದರೆ ಅದನ್ನೂ ಬದಲಾಯಿಸಿರಬಹುದು, ಅದಕ್ಕೇ ಒಳಗೆ ಟಾರ್ಚ್ ಬಿಡಿ. ಟೈಪ್ ಆರ್ ಪೋರ್ಟ್ ಕೈಯಲ್ಲಿ ಉಜ್ಜಿ ನಯ ಮಾಡಿದ್ದು, ಇನ್‌ಟೇಕ್ ವಾಲ್ವಿನ ಕಾಂಡ ತಲೆಯ ಹತ್ತಿರ ಸಣ್ಣಗಾಗಿರುತ್ತೆ. ಪೋರ್ಟ್ ಒಳಗೆ ಎರಕದ ಒರಟು ಹಾಗೇ ಇದ್ದರೆ ಅಲ್ಲಿಗೇ ಮಾತು ಮುಗೀತು. ಕವರ್ ತೆಗೆದು ಕೈಯಲ್ಲಿ ತಿರುಗಿಸಿ ವಾಲ್ವ್ ಎಷ್ಟು ಏಳುತ್ತೆ ಅಂತ ಅಳೆದು ಕ್ಯಾಮ್ ಯಾವುದು ಹೇಳ್ತೀನಿ ಅನ್ನೋರ ಮಾತು ಕೇಳಬೇಡಿ. ವಿಟೆಕ್ (ಜೋರು ಓಟದಲ್ಲಿ ವಾಲ್ವನ್ನ ಜಾಸ್ತಿ ಎತ್ತೋ ಹೋಂಡಾ ವ್ಯವಸ್ಥೆ) ಪಿನ್ನು ಲಾಕ್ ಆಗೋದು ಆಯಿಲ್ ಪ್ರೆಷರ್‌ನಿಂದ. ಎಂಜಿನ್ ನಿಂತಿದ್ದಾಗ ದೊಡ್ಡ ಲೋಬಿನ ಏರಿಕೆ ವಾಲ್ವಿಗೆ ತಲುಪೋದೇ ಇಲ್ಲ.

ಸ್ಟಾರ್ಟರ್ ಇಲ್ಲ ಅಂದರೆ ಲೀಕ್‌ಡೌನ್ ಟೆಸ್ಟರ್ (ಸಿಲಿಂಡರಿಗೆ ಗಾಳಿ ಬಿಟ್ಟು ಎಷ್ಟು ಸೋರುತ್ತೆ ಅಂತ ತೋರಿಸೋ ಗೇಜ್) ತಗೊಂಡು ಹೋಗಿ. ಒಂದು ಕಂಪ್ರೆಸರ್ ಸಾಕು. ಬಿ ಸೀರೀಸ್ ಕ್ರ್ಯಾಂಕ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತೆ, ಮರೀಬೇಡಿ. ಒಂದೊಂದು ಸಿಲಿಂಡರನ್ನೂ ಕಂಪ್ರೆಷನ್‌ನ ತುದಿಗೆ ತಂದು, ಪುಲ್ಲಿ ಬೋಲ್ಟ್ ಗಟ್ಟಿಯಾಗಿ ಹಿಡಿದು, 100 ಪಿಎಸ್‌ಐ ಬಿಡಿ. ಸೋರಿಕೆ 10 ಶೇಕಡಾ ಒಳಗಿದ್ದರೆ ಒಳ್ಳೇ ಎಂಜಿನ್. 20 ದಾಟಿದರೆ ರಿಬಿಲ್ಡ್ ಖರ್ಚು ರೇಟಿನಿಂದ ಕಳೆಯಿರಿ. ಆಯಿಲ್ ತುಂಬೋ ಬಾಯಿಯಲ್ಲಿ ಬುಸ್ ಅಂದರೆ ರಿಂಗು, ಥ್ರಾಟಲ್‌ನಲ್ಲಿ ಅಂದರೆ ಇನ್‌ಟೇಕ್ ವಾಲ್ವ್, ಎಕ್ಸಾಸ್ಟ್‌ನಲ್ಲಿ ಅಂದರೆ ಆ ಕಡೆಯ ವಾಲ್ವ್. ಥರ್ಮೋಸ್ಟಾಟ್ ಬಾಯಿಗೆ ನೀರು ತುಂಬಿಡಿ; ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲಾ ಹೆಡ್ ಬಾಗಿದೆ. ಹೆಡ್ಡಿನ ಎತ್ತರ ಹೊಸದರಲ್ಲಿ 142 ಮಿ.ಮೀ. ಅದಕ್ಕಿಂತ ಕಮ್ಮಿ ಇದ್ದರೆ ಯಾರೋ ಆಗಲೇ ಕೆತ್ತಿಸಿದ್ದಾರೆ.

ಆಯಿಲ್‌ಗೆ ಆಯಸ್ಕಾಂತ ಹಾಕಿ "ಏನೂ ಅಂಟಲಿಲ್ಲ, ಕ್ಲೀನ್ ಎಂಜಿನ್" ಅಂತ ತೋರಿಸಿದರು. ಬೇರಿಂಗ್ ಲೋಹ ಆಯಸ್ಕಾಂತಕ್ಕೆ ಅಂಟೋದೇ ಇಲ್ಲ! ಅದರ ಬದಲು ವಿಟೆಕ್ ಸೊಲೆನಾಯ್ಡ್‌ನ ಮೂರು ಬೋಲ್ಟ್ ತೆಗೆದು ಹಿಂದಿನ ಜಾಲರಿ ನೋಡಿ. ಅಲ್ಲಿ ಮಿಣಮಿಣ ಪುಡಿ ಸಿಕ್ಕಿಕೊಂಡಿದ್ದರೆ ಕೆಳಗಿನ ಬೇರಿಂಗ್ ಕತೆ ಗೊತ್ತಾಗುತ್ತೆ. ಕ್ರ್ಯಾಂಕನ್ನ ಹಿಂದೆ ಮುಂದೆ ಮೀಟಿ ಡಯಲ್ ಗೇಜ್ ಇಡಿ: 0.10ರಿಂದ 0.35 ಮಿ.ಮೀ. ಸರಿ, 0.45 ದಾಟಿದರೆ ಥ್ರಸ್ಟ್ ವಾಷರ್ ಸವೆದಿದೆ. ಗಟ್ಟಿ ಕ್ಲಚ್ ಹಾಕಿ ಓಡಿಸಿದ ಗಾಡಿಯಲ್ಲಿ ಇದು ಮಾಮೂಲು.

ಗೇರ್‌ಬಾಕ್ಸ್ ಮೇಲೆ ಎಸ್80 ಅಂತ ಇದ್ದ ಮಾತ್ರಕ್ಕೆ ಒಳಗೆ ಎಲ್‌ಎಸ್‌ಡಿ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡೋ ಡಿಫರೆನ್ಷಿಯಲ್) ಇದೆ ಅಂತ ಅಲ್ಲ. ಆಕ್ಸಲ್ ತೂತಿನಲ್ಲಿ ಟಾರ್ಚ್ ಹಿಡಿದು ನೋಡಿ. ಅಡ್ಡಲಾಗಿ ಒಂದು ಪಿನ್ ಕಂಡರೆ ಮಾಮೂಲಿ ಡಿಫರೆನ್ಷಿಯಲ್. ಎಲ್‌ಎಸ್‌ಡಿ ದುಡ್ಡು ಕೊಡಬೇಡಿ. ಆಮದು ಬಿಲ್ಲು, ಎಂಜಿನ್ ನಂಬರ್ ಬರೆದ ಇನ್‌ವಾಯ್ಸ್ ಇಲ್ಲದಿದ್ದರೆ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ನಂಬರ್ ಹತ್ತಲ್ಲ. "ಪೇಪರ್ ಆಮೇಲೆ ಕೊಡ್ತೀವಿ" ಅನ್ನೋ ಮಾತಿಗೆ ಬೆಲೆ ಸೊನ್ನೆ.

ಈಗ ಅದೇ ಜನ ಬಿ16ಬಿ ಇದೆ ಅಂತ ಫೋಟೋ ಹರಿಬಿಟ್ಟಿದ್ದಾರೆ. 1997ರ ಸಿವಿಕ್ ಟೈಪ್ ಆರ್ ಎಂಜಿನ್ನಂತೆ, 185 ಪಿಎಸ್ ಅಂತೆ. ಹೋಗೋರು ಒಂದು ಸ್ಟೀಲ್ ಸ್ಕೇಲ್ ಹಿಡಿದುಕೊಂಡು ಹೋಗಿ. ಕ್ರ್ಯಾಂಕ್ ಬೋಲ್ಟಿನ ನಡುಮಧ್ಯದಿಂದ ಬ್ಲಾಕ್ ಮತ್ತು ಹೆಡ್ ಸೇರೋ ಗೆರೆವರೆಗೆ ಅಳೆಯಿರಿ. ಬಿ16ಬಿ 212 ಮಿ.ಮೀ., ಬಿ16ಎ 204. ಪಂಚ್ ಇರೋ ಪ್ಯಾಡಿನ ಮೇಲೆ ಫ್ಯಾಕ್ಟರಿಯ ನೇರ ಗೆರೆ ಇದೆಯಾ, ಗ್ರೈಂಡರ್ ಹೊಡೆದ ಸುತ್ತು ಗೀರು ಇದೆಯಾ ನೋಡಿ. ಅಳತೆ ಮಾಡೋಕೆ ಬಿಡಲ್ಲ ಅಂದರೆ ಅಡ್ವಾನ್ಸ್ ಮಾತೇ ಎತ್ತಬೇಡಿ, ಎದ್ದು ಬನ್ನಿ.